ಲಗೇಜಿನ ತೂಕಕ್ಕೆ ಸೇರದ ಪುಸ್ತಕ

(ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)

ಡ್ಯೂಟಿ ಮುಗಿಸಿ ಊಟಕ್ಕೂ ನಿಲ್ಲದೆ ನೇರ ಇಲ್ಲಿಗೆ ಬಂದ ತಮ್ಮಂದಿರೇ,

ಅಮೇರಿಕಾಕ್ಕೆ ಹೋಗಿ ಬಂದಿದ್ದೀರಿ, ಅಲ್ಲಿ ಎಂತ ಕಂಡಿರಿ ಅಂತ ನಾಲ್ಕು ಮಾತು ಹೇಳಿ ಎಂದು ಕಾರ್ಯದರ್ಶಿಯವರ ಅಪ್ಪಣೆ. ಹಾಲಿವುಡ್ ಬೋರ್ಡು, ಡಿಸ್ನಿಲ್ಯಾಂಡು ಎಲ್ಲ ಯೂಟ್ಯೂಬಿನಲ್ಲಿ ನಿಮಗೆ ನಮಗಿಂತ ಚಂದ ಕಾಣ್ತದೆ, ಅದನ್ನು ಬಿಡುವ. ಕಂಪೆನಿಯವರು ನಮ್ಮ ಅಕೌಂಟ್ಸ್ ವಿಭಾಗದ ಮೂವರನ್ನು ಹತ್ತು ದಿನದ ತರಬೇತಿಗೆ ಲಾಸ್ ಏಂಜಲೀಸಿಗೆ ಕಳಿಸಿದ್ದು. ನಡುವೆ ಎರಡು ದಿನ ರಜೆ ಸಿಕ್ಕಿತು, ಸ್ಯಾನ್ ಡಿಯಾಗೋದ ಸಂಬಂಧಿಕರ ಮನೆಗೆ ಹೋದೆವು. ಈ ಓಡಾಟದಲ್ಲಿ ನಾವು ಕಲಿತದ್ದು ಒಂದು ವಿಷಯ: ದಾರಿಯಲ್ಲಿ ಪುಸ್ತಕ ಓದುವುದು ಹೇಗೆ, ಅದನ್ನು ದುಡ್ಡು ಕೊಡದೆ, ಆದರೆ ಯಾರ ದುಡ್ಡನ್ನೂ ಕದಿಯದೆ ಮಾಡುವುದು ಹೇಗೆ.

ನಮ್ಮ ಲಗೇಜಿನ ಕಥೆ ನಿಮಗೆ ಗೊತ್ತೇ ಉಂಟು. ಊರಿಂದ ಬರುವಾಗ ಉಪ್ಪಿನಕಾಯಿ, ಒಣಮೀನು, ಹಲಸಿನ ಚಿಪ್ಸು, ರೂಮಿನವರ ಮನೆಯಿಂದ ಕೊಟ್ಟ ಪಾರ್ಸೆಲು. ಏರ್‌ಪೋರ್ಟಿನಲ್ಲಿ ತಕ್ಕಡಿ ಎರಡು ಕೆಜಿ ಜಾಸ್ತಿ ತೋರಿಸಿದರೆ ಮೊದಲು ಹೊರಗೆ ಬೀಳುವುದು ಪುಸ್ತಕ. ಒಣಮೀನು ತೆಗೆದವರನ್ನು ನಾವಂತೂ ಇದುವರೆಗೆ ನೋಡಿಲ್ಲ.

ಇ-ರೀಡರ್ ಅಂದರೆ ಇನ್ನೂರು ಗ್ರಾಂ ಆಸುಪಾಸು ತೂಕದ ಒಂದು ಹಲಗೆ. ಕಿಂಡಲ್, ಕೋಬೋ ಅಂತ ಬೇರೆ ಬೇರೆ ಹೆಸರು. ಮೊಬೈಲಿನ ಹಾಗೆ ಅದರ ಪರದೆ ಕಣ್ಣಿಗೆ ಬೆಳಕು ಚೆಲ್ಲುವುದಿಲ್ಲ. ಪರದೆಯೊಳಗೆ ಕಪ್ಪು ಬಿಳುಪಿನ ಸೂಕ್ಷ್ಮ ಕಣಗಳಿರುತ್ತವೆ, ಅವು ವಿದ್ಯುತ್ತಿನಿಂದ ಮೇಲೆ ಕೆಳಗೆ ಸರಿದು ಅಕ್ಷರ ಆಗುತ್ತವೆ. ಪುಟ ತಿರುಗಿಸುವಾಗ ಮಾತ್ರ ಕರೆಂಟು ಬೇಕು, ಪುಟ ಹಾಗೇ ನಿಂತಿರಲು ಬೇಡ. ಅದಕ್ಕೇ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುವುದು. ಬಿಸಿಲಲ್ಲಿ ಮೊಬೈಲು ಏನೂ ಕಾಣದೆ ಕನ್ನಡಿ ಆಗ್ತದೆ, ಇದು ಮಾತ್ರ ಕಾಗದದ ಹಾಗೆ ಇನ್ನಷ್ಟು ಸ್ಪಷ್ಟ. ಇಲ್ಲಿಂದ ಲಾಸ್ ಏಂಜಲೀಸಿಗೆ ವಿಮಾನದಲ್ಲಿ ಹದಿನಾರು ಗಂಟೆಯ ಹತ್ತಿರ. ಅಷ್ಟು ಹೊತ್ತು ಏರ್‌ಪ್ಲೇನ್ ಮೋಡಿನಲ್ಲಿಟ್ಟು ಓದಿದರೂ ಬ್ಯಾಟರಿ ಸ್ವಲ್ಪವೇ ಇಳಿದದ್ದು. ಒಂದು ಮಾತು, ಒಳಗೆ ಲಿಥಿಯಂ ಬ್ಯಾಟರಿ ಇರುವುದರಿಂದ ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.

ಇದಕ್ಕಾಗಿ ಹೊಸ ಯಂತ್ರ ಕೊಳ್ಳಲೇಬೇಕು ಅಂತ ನಾವು ಹೇಳುತ್ತಿಲ್ಲ. ಸಂಬಳದಲ್ಲಿ ಮನೆಗೆ ಕಳಿಸಿ ಉಳಿಯುವುದೆಷ್ಟು ಅಂತ ಲೆಕ್ಕದವರಿಗೆ ಗೊತ್ತು. ಇನ್ನು ಹೇಳುವುದೆಲ್ಲ ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲೂ ಆಗ್ತದೆ, ಕಣ್ಣಿಗೆ ಸ್ವಲ್ಪ ದಣಿವು ಜಾಸ್ತಿ ಅಷ್ಟೆ.

ಲಾಸ್ ಏಂಜಲೀಸ್ ಪೇಟೆಯ ನಡುವೆ ಅಲ್ಲಿಯ ಸೆಂಟ್ರಲ್ ಲೈಬ್ರರಿ ಉಂಟು. 1926ರ ಕಟ್ಟಡ, ತಲೆಯ ಮೇಲೆ ಬಣ್ಣದ ಪಿರಮಿಡ್. ಸಂಜೆ ತರಬೇತಿ ಬಿಟ್ಟ ಮೇಲೆ ನಾವು ಅಲ್ಲಿಗೆ ಹೋಗುತ್ತಿದ್ದೆವು. ಒಳಗೆ ಹೋಗಲು ಯಾರೂ ಪಾಸ್ ಕೇಳುವುದಿಲ್ಲ. ಕುರ್ಚಿ, ಎಸಿ, ವೈಫೈ ಎಲ್ಲ ಉಚಿತ. ಅಲ್ಲಿ ಕೋಟು ಹಾಕಿದವರ ಪಕ್ಕದಲ್ಲೇ ಮನೆಯಿಲ್ಲದವರೂ ಕೂತು ಓದುತ್ತಾರೆ. 1986ರ ಏಪ್ರಿಲ್ 29ರಂದು ಆ ಕಟ್ಟಡಕ್ಕೆ ಬೆಂಕಿ ಬಿದ್ದು ಸುಮಾರು ನಾಲ್ಕು ಲಕ್ಷ ಪುಸ್ತಕ ಸುಟ್ಟುಹೋಯಿತಂತೆ. ಮತ್ತೆ ಬಾಗಿಲು ತೆರೆದದ್ದು 1993ರಲ್ಲಿ. ಏಳು ವರ್ಷ ಕಾದರು, ಆದರೆ ಲೈಬ್ರರಿ ಸಾಕು ಅಂತ ಅಲ್ಲಿಯ ಜನ ಹೇಳಲಿಲ್ಲ.

ಅಲ್ಲಿಂದ ಸ್ಯಾನ್ ಡಿಯಾಗೋಗೆ ಪೆಸಿಫಿಕ್ ಸರ್ಫ್‌ಲೈನರ್ ಎಂಬ ರೈಲಿನಲ್ಲಿ ಹೋದೆವು. ಇನ್ನೂರು ಕಿಲೋಮೀಟರಿಗೆ ಸ್ವಲ್ಪ ಮೇಲೆ, ಮೂರು ಗಂಟೆಯ ದಾರಿ. ಸ್ಯಾನ್ ಕ್ಲೆಮೆಂಟೆ ಹತ್ತಿರ ಹಳಿ ಸಮುದ್ರದ ಬದಿಯಲ್ಲೇ ಹೋಗ್ತದೆ. ಉಳ್ಳಾಲದಿಂದ ಕುಂಬಳೆ ಕಡೆಗೆ ಹೋಗುವ ರೈಲು ನೆನಪಾಗದೆ ಇರುವುದಿಲ್ಲ. ಓದಲು ತೆಗೆದ ಪುಸ್ತಕ ಆ ಒಂದು ತುಂಡು ದಾರಿಯಲ್ಲಿ ಮಾತ್ರ ಮಡಿಲಲ್ಲೇ ಉಳಿಯಿತು.

ಸ್ಯಾನ್ ಡಿಯಾಗೋದ ನೆಂಟರ ಮನೆಯಲ್ಲಿ ಲೈಬ್ರರಿಯ ನಿಜವಾದ ಉಪಯೋಗ ನೋಡಿದೆವು. ಕ್ಯಾಲಿಫೋರ್ನಿಯಾದಲ್ಲಿ ವಾಸವಿರುವ ಯಾರಿಗೂ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೋ, ಎರಡೂ ನಗರಗಳ ಲೈಬ್ರರಿ ಕಾರ್ಡು ಉಚಿತ. ಲಿಬ್ಬಿ ಅಂತ ಒಂದು ಆ್ಯಪ್ ಉಂಟು, ಅದರಲ್ಲಿ ಎರಡೂ ಕಾರ್ಡು ಹಾಕಿಡಬಹುದು. ಒಂದರಲ್ಲಿ ಇಲ್ಲದ ಪುಸ್ತಕ ಇನ್ನೊಂದರಲ್ಲಿ ಸಿಗ್ತದೆ. ಅವಧಿ ಮುಗಿದಾಗ ಪುಸ್ತಕ ತಾನೇ ವಾಪಸ್ ಹೋಗುವುದರಿಂದ ದಂಡದ ಮಾತಿಲ್ಲ. ಕಾಗದದ ಪುಸ್ತಕ ತಡವಾದರೆ ಹಾಕುತ್ತಿದ್ದ ದಂಡವನ್ನೂ ಸ್ಯಾನ್ ಡಿಯಾಗೋದವರು 2018ರಲ್ಲಿ, ಲಾಸ್ ಏಂಜಲೀಸಿನವರು 2020ರಲ್ಲಿ ಕೈಬಿಟ್ಟರು. ನಮ್ಮಂಥ ಪ್ರವಾಸಿಗಳಿಗೆ ಆ ಉಚಿತ ಕಾರ್ಡು ಸಿಗುವುದಿಲ್ಲ. ಅದು ಸರಿಯೇ, ತೆರಿಗೆ ಕೊಡುವುದು ಅವರು.

ಮನೆಯ ಮಗಳು ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಲಿಬ್ಬಿಯಲ್ಲಿ ಸರದಿ ಹಾಕಿ ಕಾಯುತ್ತಿದ್ದಳು. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದ ಪುಸ್ತಕ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ. ಕಂಪ್ಯೂಟರಿನೊಳಗಿನ ಪುಸ್ತಕಕ್ಕೂ ಕ್ಯೂ ಎಂತದ್ದು ಮಾರಾಯ್ರೆ ಅಂತ ನಮ್ಮಲ್ಲೊಬ್ಬರು ಕೇಳಿದರು. ಲೆಕ್ಕದವರು ಕೇಳಬೇಕಾದ ಪ್ರಶ್ನೆಯೇ ಅದು. ಲೈಬ್ರರಿಯವರು ಪ್ರಕಾಶಕರಿಂದ ಪರವಾನಿಗೆ ಕೊಳ್ಳಬೇಕು. ಸಾಮಾನ್ಯವಾಗಿ ಒಂದು ಪರವಾನಿಗೆ ಅಂದರೆ ಒಂದು ಸಲಕ್ಕೆ ಒಬ್ಬ ಓದುಗ. ಎಷ್ಟೋ ಪರವಾನಿಗೆಗಳಿಗೆ ಆಯುಷ್ಯವೂ ಉಂಟು. 2011ರಲ್ಲಿ ಹಾರ್ಪರ್ ಕಾಲಿನ್ಸ್ ಎಂಬ ದೊಡ್ಡ ಪ್ರಕಾಶನದವರು 26 ಸಲ ಎರವಲು ಹೋದ ಮೇಲೆ ಲೈಬ್ರರಿ ಮತ್ತೆ ಕೊಳ್ಳಬೇಕು ಅಂತ ನಿಯಮ ತಂದರು. ಓದುವವನಿಗೆ ಫ್ರೀ, ಆದರೆ ಖರ್ಚಿನ ಪುಟದಲ್ಲಿ ಅದು ಬೇರೊಬ್ಬರ ಹೆಸರಲ್ಲಿ ಉಂಟು, ಬರೆದವರಿಗೂ ಅವರ ಪಾಲು ಹೋಗಿದೆ.

ಆ ಹುಡುಗಿಗೆ ಇಂಗ್ಲಿಷಿನಲ್ಲಿ ಸರದಿಯಾದರೂ ಉಂಟು. ಅವಳ ಅಮ್ಮನಿಗೆ ಅದೇ ಕಥೆ ಕನ್ನಡದಲ್ಲಿ ಓದಬೇಕಾದರೆ ಊರಿಂದ ಬರುವವರ ಪೆಟ್ಟಿಗೆಯಲ್ಲಿ ಜಾಗ ಕೇಳಬೇಕು. 2016ರ ಕೊನೆಗೆ ಕಿಂಡಲಿಗೆ ಭಾರತೀಯ ಭಾಷೆಗಳು ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ನಮ್ಮ ರೂಮಿನ ಕಾಸರಗೋಡಿನವರು ಮಲಯಾಳಂ ಪುಸ್ತಕ ಇಳಿಸಿಕೊಂಡು ಓದುವಾಗ ನಾವು ನೋಡುತ್ತಾ ಕೂತದ್ದು ಹಾಗೆ.

ಹಾಗಂತ ಕನ್ನಡದಲ್ಲಿ ಏನೂ ಇಲ್ಲ ಅಂತ ಅಲ್ಲ. ನ್ಯಾಯವಾಗಿ ಉಚಿತ ಸಿಗುವುದು ಯಾವುದು ಅಂತ ಗೊತ್ತಾಗಲು ವರ್ಷದ ಲೆಕ್ಕ ಒಂದು ತಿಳಿದಿರಬೇಕು. ಅಮೇರಿಕಾದಲ್ಲಿ ಹಳೆಯ ಪುಸ್ತಕಕ್ಕೆ ಪ್ರಕಟವಾದ ವರ್ಷದಿಂದ 95 ವರ್ಷ ಹಕ್ಕು. ಭಾರತದಲ್ಲಿ ಬರೆದವರು ತೀರಿಹೋದ ವರ್ಷದ ನಂತರ 60 ವರ್ಷ. ಮಂಜೇಶ್ವರದ ಗೋವಿಂದ ಪೈಗಳು ತೀರಿದ್ದು 1963ರಲ್ಲಿ, ಅಂದರೆ 2023ರ ಡಿಸೆಂಬರಿಗೆ ಅವಧಿ ಮುಗಿಯಿತು. 2024ರ ಜನವರಿ 1ರಿಂದ ಅವರು ಬದುಕಿದ್ದಾಗ ಪ್ರಕಟಿಸಿದ ಬರಹ ಭಾರತದಲ್ಲಿ ಎಲ್ಲರ ಸೊತ್ತು. ಪಂಜೆ ಮಂಗೇಶರಾಯರು ತೀರಿದ್ದು 1937ರಲ್ಲಿ, ಅವರದು ಎಂದೋ ಮುಕ್ತ. ಶಿವರಾಮ ಕಾರಂತರು 1997, ಅಂದರೆ 2057ರ ತನಕ ಕಾಯಬೇಕು. ಕೂಡಿಸಲು ಬಂದರೆ ಸಾಕು, ವಕೀಲರು ಬೇಡ.

ಕೆಲವರು ಕಾಯಿಸದೆಯೇ ಕೊಟ್ಟಿದ್ದಾರೆ. ಕಯ್ಯೂರಿನ ರೈತರ ಕಥೆ ‘ಚಿರಸ್ಮರಣೆ’ ಬರೆದ ನಿರಂಜನರ ಅನೇಕ ಕೃತಿಗಳನ್ನು ಅವರ ಮನೆಯವರು 2014ರಲ್ಲಿ ಯಾರೂ ಬಳಸಬಹುದಾದ ಮುಕ್ತ ಪರವಾನಿಗೆಯಲ್ಲಿ ಬಿಟ್ಟುಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವೂ ಹಾಗೆಯೇ ಬಂತು. ಇಂಥವು ಕನ್ನಡ ವಿಕಿಸೋರ್ಸ್‌ನಲ್ಲಿ ಸಿಗುತ್ತವೆ. ಸ್ವಯಂಸೇವಕರು ಕೂತು ಟೈಪು ಮಾಡಿ, ತಿದ್ದಿ ಹಾಕಿದ ಅಕ್ಷರ ಆದ್ದರಿಂದ ಇಪಬ್ ಎಂಬ ರೂಪದಲ್ಲಿ ಇಳಿಸಿಕೊಂಡರೆ ಅಕ್ಷರ ದೊಡ್ಡದು ಚಿಕ್ಕದು ಮಾಡಿ ಓದಬಹುದು. ನಲವತ್ತು ದಾಟಿದವರಿಗೆ ಈ ಒಂದು ಸೌಕರ್ಯದ ಬೆಲೆ ಗೊತ್ತು. ಇಂಟರ್ನೆಟ್ ಆರ್ಕೈವ್‌ನಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಹಳೆಯ ಕನ್ನಡ ಪುಸ್ತಕ ಉಂಟು. ಆದರೆ ಅವು ಪುಟದ ಫೋಟೋಗಳು. ಆರಿಂಚಿನ ಪರದೆಯಲ್ಲಿ ಇರುವೆ ಸಾಲಿನ ಹಾಗೆ ಕಾಣ್ತವೆ. ಯಂತ್ರವನ್ನು ಅಡ್ಡ ತಿರುಗಿಸಿ ಅರ್ಧ ಅರ್ಧ ಪುಟ ಓದಿದರೆ ಪರವಾಗಿಲ್ಲ. ಅಲ್ಲಿ ಇದೆ ಅಂದ ಮಾತ್ರಕ್ಕೆ ಹಕ್ಕು ಮುಗಿದ ಪುಸ್ತಕ ಅಂತಲೂ ಅಲ್ಲ, ಆ 60 ವರ್ಷದ ಲೆಕ್ಕ ನೀವೇ ಹಾಕಿ ನೋಡಿ. ಇಂಗ್ಲಿಷ್ ಓದುವವರಿಗೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ಉಂಟು, 1971ರಲ್ಲಿ ಮೈಕೇಲ್ ಹಾರ್ಟ್ ಶುರುಮಾಡಿದ್ದು, ಈಗ ಎಪ್ಪತ್ತು ಸಾವಿರ ಪುಸ್ತಕ ದಾಟಿದೆ. ಮಕ್ಕಳ ಇಂಗ್ಲಿಷ್ ಸುಧಾರಿಸಬೇಕು ಅನ್ನುವವರು ಮೊದಲು ಅಲ್ಲಿಗೆ ಹೋಗಲಿ.

ಈಗ ಸ್ವಲ್ಪ ಕಹಿ ಮಾತು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ‘ಫ್ರೀ ಕನ್ನಡ ಪುಸ್ತಕ’ ಅಂತ ಓಡಾಡುವ ಪಿಡಿಎಫ್‌ಗಳು ಇವುಗಳಲ್ಲಿ ಸೇರುವುದಿಲ್ಲ. ಬದುಕಿರುವವರ, ನಿನ್ನೆ ಮೊನ್ನೆ ತೀರಿದವರ ಕಾದಂಬರಿಯನ್ನು ಪೂರ್ತಿ ಸ್ಕ್ಯಾನ್ ಮಾಡಿ ಹಂಚುತ್ತಾರೆ, ಕೆಳಗೆ ಐವತ್ತು ಜನ ಥ್ಯಾಂಕ್ಸ್ ಹೇಳುತ್ತಾರೆ. ₹200ರ ಪುಸ್ತಕಕ್ಕೆ ಬರೆದವರಿಗೆ ನೂರಕ್ಕೆ ಹತ್ತು ಅಂದುಕೊಳ್ಳಿ, ಪ್ರತಿಗೆ ₹20. 250 ಜನರ ಗುಂಪಿನಲ್ಲಿ ಎಲ್ಲರೂ ಕೊಳ್ಳುತ್ತಿದ್ದರು ಅಂತ ನಾವು ಹೇಳುವುದಿಲ್ಲ. ಐವತ್ತು ಜನ ಕೊಂಡಿದ್ದರೂ ₹1,000. ಆರು ತಿಂಗಳು ಕೂತು ಬರೆದವರ ಕೈಗೆ ಅದೂ ಇಲ್ಲ.

ಇದು ದೂರದವರ ಸಂಕಟವೂ ಅಲ್ಲ. ನಮ್ಮ ಹೆಣ್ಣುಮಕ್ಕಳ ಬದುಕನ್ನು ‘ಚಂದ್ರಗಿರಿಯ ತೀರದಲ್ಲಿ’ ಬರೆದ ಸಾರಾ ಅಬೂಬಕ್ಕರ್ ಗೊತ್ತಲ್ಲ. 2011ರ ‘ಬ್ಯಾರಿ’ ಸಿನಿಮಾಕ್ಕೆ ರಾಷ್ಟ್ರ ಪ್ರಶಸ್ತಿ ಬಂದಾಗ ನಾವೆಲ್ಲ ನಮ್ಮ ಭಾಷೆಗೆ ಮರ್ಯಾದೆ ಸಿಕ್ಕಿತು ಅಂತ ಖುಷಿಪಟ್ಟೆವು. ಆ ಕಥೆ ತನ್ನ ಕಾದಂಬರಿಯದ್ದು, ತನ್ನ ಅನುಮತಿ ಕೇಳಿಲ್ಲ ಅಂತ ಅವರು ಕೋರ್ಟಿಗೆ ಹೋದರು. ವರ್ಷಗಟ್ಟಲೆ ಕಾದ ಮೇಲೆ ಮಂಗಳೂರಿನ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಅಷ್ಟು ವಯಸ್ಸಾದ ಹೆಂಗಸು ತನ್ನ ಅಕ್ಷರಕ್ಕಾಗಿ ಕೋರ್ಟು ಹತ್ತಬೇಕಾಯಿತು. 2023ರಲ್ಲಿ ಅವರು ತೀರಿಹೋದರು, ಅವರ ಪುಸ್ತಕಗಳ ಹಕ್ಕು 2083ರ ತನಕ ಅವರ ಮನೆಯವರದ್ದು. ಅದೇ ಪುಸ್ತಕದ ಪಿಡಿಎಫ್ ನಮ್ಮ ಗುಂಪಿನಲ್ಲೇ ಬಂದರೆ ಎಂತ ಹೇಳುವುದು? ಹೊಸ ಕನ್ನಡ ಪುಸ್ತಕ ಬೇಕಾದವರಿಗೆ ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ದುಡ್ಡಿಗೆ ಸಿಗ್ತದೆ, ಎಷ್ಟೋ ಸಲ ಒಂದು ಊಟದ ಖರ್ಚಿನೊಳಗೆ.

ಇನ್ನು ಉಪಯೋಗದ ಎರಡು ಮಾತು. ಕಿಂಡಲ್ ಇರುವವರು ಸ್ವಂತ ಇಪಬ್ ಕಡತವನ್ನು ‘ಸೆಂಡ್ ಟು ಕಿಂಡಲ್’ ಮೂಲಕ ಕಳಿಸಿಕೊಳ್ಳಬಹುದು, 2022ರಿಂದ ಅದು ಸಾಧ್ಯ. ಕೊಂಡ ಪುಸ್ತಕವನ್ನು ಅಮೆಜಾನ್ ಸೈಟಿನಿಂದ ಕಂಪ್ಯೂಟರಿಗೆ ಇಳಿಸಿ ಕೇಬಲಿನಲ್ಲಿ ಸಾಗಿಸುವ ದಾರಿಯನ್ನು 2025ರ ಫೆಬ್ರವರಿಯಲ್ಲಿ ಮುಚ್ಚಿದ್ದಾರೆ, ಹಳೆಯ ವಿಡಿಯೋ ನೋಡಿ ಹುಡುಕುತ್ತಾ ಕೂರಬೇಡಿ. ಲೈಬ್ರರಿ ಪುಸ್ತಕ ಕಿಂಡಲಿಗೆ ಬರುವುದು ಅಮೇರಿಕಾದ ಲೈಬ್ರರಿಗಳಿಂದ ಮಾತ್ರ. ಹೊರಡುವ ಹಿಂದಿನ ರಾತ್ರಿಯೇ ಎಲ್ಲ ಇಳಿಸಿಕೊಳ್ಳಿ, ಏರ್‌ಪೋರ್ಟಿನ ವೈಫೈ ನಂಬಿದರೆ ಕೊನೆಗೆ ಸಿಗುವುದು ಅರ್ಧ ಪುಸ್ತಕ.

ಮುಂದಿನ ಕೂಟದ ದಿನ ನಾವು ಮೂವರೂ ಅರ್ಧ ಗಂಟೆ ಮುಂಚೆ ಬರ್ತೇವೆ. ಮೊಬೈಲು, ಚಾರ್ಜರು, ನಿಮ್ಮ ಇಮೇಲಿನ ಪಾಸ್‌ವರ್ಡು ಮೂರೂ ತನ್ನಿ. ವಿಕಿಸೋರ್ಸ್‌ನಿಂದ ಒಂದೊಂದು ಪುಸ್ತಕ ಇಳಿಸಿಕೊಡುವ ಜವಾಬ್ದಾರಿ ನಮ್ಮದು. ಕ್ಯಾಂಪಿನಲ್ಲಿ ನೆಟ್ ಇಲ್ಲದವರಿಗೆ ಮೊದಲ ಸರದಿ.