ನೀರಿನ ಮೇಲಣ ನೆರೆಹೊರೆ

ಮನೆಯೆಂದರೆ ನೆಲದ ಮೇಲೆ ನಿಂತಿರತಕ್ಕದ್ದು ಎಂಬುದು ನಮ್ಮೆಲ್ಲರ ಎಣಿಕೆ. ಮನೆ ಕಟ್ಟಬೇಕೆಂದು ಹೊರಟಾಗ ನಾವು ಮೊದಲು ವಿಚಾರಿಸುವುದು ನಿವೇಶನವನ್ನು. ಮೊದಲು ಮಾಡುವುದು ಭೂಮಿಪೂಜೆಯನ್ನು. ದೋಣಿಮನೆ ಎಂದೊಡನೆ ನಮ್ಮ ಮನಸ್ಸು ಶ್ರೀನಗರದ ದಾಲ್ ಸರೋವರಕ್ಕೆ ಓಡುವುದು ಸಹಜ. ಆದರೆ ಪ್ರವಾಸಕ್ಕೆ ಹೋಗಿ ನಾಲ್ಕು ದಿನ ನೀರಿನ ಮೇಲೆ ತಂಗಿ ಬರುವುದು ಬೇರೆ. ನೀರನ್ನೇ ವಿಳಾಸವಾಗಿ ಮಾಡಿಕೊಂಡು, ಮಕ್ಕಳನ್ನು ಬೆಳೆಸಿ, ದಡದವರೊಡನೆ ನೆರೆಹೊರೆಯವರಾಗಿ ಬಾಳುವುದು ಬೇರೆ. ಅಂತಹ ಒಂದು ನೆರೆಹೊರೆಯ ಕಥೆಯನ್ನು ಈ ಹೊತ್ತು ಶ್ರೋತೃಗಳ ಮುಂದಿಡಲು ಬಯಸುತ್ತೇವೆ.

ಅಮೆರಿಕಾದ ಪಡುವಣ ಕರಾವಳಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಗೋಲ್ಡನ್ ಗೇಟ್ ಸೇತುವೆಯನ್ನು ದಾಟಿ ಉತ್ತರಕ್ಕೆ ಹೋದರೆ ಸಾಸಲಿಟೊ ಎಂಬ ಸಣ್ಣ ಊರು ಸಿಕ್ಕುತ್ತದೆ. ಅದರ ಮಗ್ಗುಲಲ್ಲಿಯೇ ರಿಚರ್ಡ್ಸನ್ ಕೊಲ್ಲಿ. ಆಳ ಕಡಮೆ, ಕೆಸರು ಹೆಚ್ಚು. ಗುಡ್ಡದ ಇಳಿಜಾರಿನಲ್ಲಿ ಮರಗಳ ನಡುವೆ ಸಿರಿವಂತರ ಮನೆಗಳು. ಕೆಳಗೆ, ಊರಿನಲ್ಲಿಯೂ ಅದರ ಅಂಚಿನಲ್ಲಿಯೂ, ಹಲಗೆಯ ಕಾಲುದಾರಿಗಳ ಎರಡು ಪಕ್ಕಗಳಲ್ಲಿ 400ಕ್ಕೂ ಹೆಚ್ಚು ತೇಲುವ ಮನೆಗಳು. ಅವುಗಳಿಂದಾಚೆಗೆ, ಯಾವ ದಾರಿಯೂ ಮುಟ್ಟದ ಬಯಲು ನೀರಿನಲ್ಲಿ, ಲಂಗರು ಹಾಕಿ ನಿಂತ ಬಿಡಿ ದೋಣಿಗಳು. ಈ ಮೂರೂ ಕಡೆ ಜನ ಸಂಸಾರ ಹೂಡಿದರು. ಒಬ್ಬರ ಕಿಟಕಿಯಿಂದ ಇನ್ನೊಬ್ಬರು ಕಾಣುತ್ತಾರೆ. ಆದರೆ ಮೂವರ ಅದೃಷ್ಟವೂ ಒಂದೇ ಅಲ್ಲ.

ಈ ತೇಲುವ ಊರನ್ನು ಯಾರೂ ನಕ್ಷೆ ಬರೆದು ಕಟ್ಟಿದುದಲ್ಲ. 1937ರಲ್ಲಿ ಸೇತುವೆ ತೆರೆದ ಮೇಲೆ ಜನರನ್ನೂ ಬಂಡಿಗಳನ್ನೂ ದಾಟಿಸುತ್ತಿದ್ದ ಹಡಗುಗಳಿಗೆ ಕ್ರಮೇಣ ಕೆಲಸ ತಪ್ಪಿತು. ಎರಡನೆಯ ಮಹಾಯುದ್ಧ ಬಂದಾಗ, 1942ರಲ್ಲಿ, ಸಾಸಲಿಟೊವಿನ ದಡದಲ್ಲಿ ಮರಿನ್‌ಶಿಪ್ ಎಂಬ ಹಡಗುಕಟ್ಟೆ ಎದ್ದಿತು. ಮೂರು ವರ್ಷಗಳಲ್ಲಿ ಅಲ್ಲಿ 93 ಹಡಗುಗಳು ತಯಾರಾದುವು. 1945ರಲ್ಲಿ ಯುದ್ಧ ಮುಗಿಯಿತು; ಸುತ್ತಿಗೆಯ ಸದ್ದೂ ನಿಂತಿತು. ಹಳೆಯ ದೋಣಿಗಳು, ಯುದ್ಧದಲ್ಲಿ ಉಳಿದ ತೆಪ್ಪಗಳು, ಮರ, ಕಬ್ಬಿಣ ಎಲ್ಲವೂ ಕೆಸರಿನಲ್ಲಿ ಬಿದ್ದಿದ್ದುವು. ಕೈಯಲ್ಲಿ ಹಣವಿಲ್ಲದೆ ತಲೆಯ ಮೇಲೆ ಸೂರು ಬೇಕಾದವರು ಅವನ್ನೇ ಮನೆ ಮಾಡಿಕೊಂಡರು.

ಬಡವರ ಹಿಂದೆಯೇ ಕಲಾವಿದರು ಬಂದರು. ವಲೇಹೊ ಎಂಬ ಹಳೆಯ ದಾಟುಹಡಗನ್ನು 1949ರಲ್ಲಿ ಚಿತ್ರಕಾರರಾದ ಜಾನ್ ವಾರ್ಡಾ ಮತ್ತು ಗಾರ್ಡನ್ ಆನ್‌ಸ್ಲೋ ಫೋರ್ಡ್ ಕೊಂಡು ಬಿಡಾರ ಮಾಡಿದರು. ಪೂರ್ವದೇಶಗಳ ತತ್ತ್ವವನ್ನು ಪಾಶ್ಚಾತ್ಯರಿಗೆ ಪರಿಚಯ ಮಾಡಿಕೊಟ್ಟ ಅಲನ್ ವಾಟ್ಸ್ ಕೆಲಕಾಲ ಅದೇ ಹಡಗಿನಲ್ಲಿದ್ದರು. 1967ರಲ್ಲಿ ಗಾಯಕ ಓಟಿಸ್ ರೆಡ್ಡಿಂಗ್ ಇಲ್ಲಿಯ ಒಂದು ದೋಣಿಮನೆಯಲ್ಲಿ ತಂಗಿದ್ದಾಗ, ಧಕ್ಕೆಯ ಮೇಲೆ ಕುಳಿತವನೊಬ್ಬನ ಹಾಡನ್ನು ಬರೆಯತೊಡಗಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ವಿಮಾನಾಪಘಾತಕ್ಕೆ ಈಡಾದರು. ಹಾಡು ಅವರ ಹಿಂದೆ ಉಳಿದು ಲೋಕಪ್ರಸಿದ್ಧವಾಯಿತು.

ಇಷ್ಟೇ ಆಗಿದ್ದರೆ ಕಥೆ ಸೊಗಸಾಗಿಯೇ ಮುಗಿಯುತ್ತಿತ್ತು. ಆದರೆ ನೀರೂ ಯಾರದೋ ಸ್ವತ್ತು. ದಡದಿಂದ ಮಣ್ಣು ಸುರಿದು ಸುರಿದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯೇ ಕಿರಿದಾಗುತ್ತ ಬಂದುದನ್ನು ಕಂಡು, 1965ರಲ್ಲಿ ಅದರ ರಕ್ಷಣೆಗಾಗಿ ಒಂದು ಆಯೋಗ ಏರ್ಪಟ್ಟಿತು. ಅದರ ಕಾನೂನಿನಂತೆ, ಬಹುಕಾಲ ಒಂದೇ ಕಡೆ ಕಟ್ಟಿಹಾಕಿದ ದೋಣಿಮನೆಯೂ ಕೊಲ್ಲಿಯನ್ನು ತುಂಬುವ ಮಣ್ಣಿನ ಲೆಕ್ಕಕ್ಕೇ ಸೇರಿತು. ಮನೆಗಳ ಹೊಲಸು ನೇರವಾಗಿ ನೀರಿಗೆ ಹೋಗುತ್ತಿದೆ, ಬೆಂಕಿ ಬಿದ್ದರೆ ಆರಿಸಲು ದಾರಿಯಿಲ್ಲ ಎಂದು ಜಿಲ್ಲೆಯ ಅಧಿಕಾರಿಗಳು ಆಕ್ಷೇಪಿಸಿದರು. ಈ ಆಕ್ಷೇಪಣೆ ಸುಳ್ಳಲ್ಲ. ಬೇರೆ ಕಡೆ ಬಾಡಿಗೆ ತೆರಲಾರದವರು ಎಲ್ಲಿಗೆ ಹೋಗಬೇಕು ಎಂದು ದೋಣಿಯವರು ಕೇಳಿದರು. ಆ ಪ್ರಶ್ನೆಯೂ ಸುಳ್ಳಲ್ಲ. 1970ರ ದಶಕದಲ್ಲಿ ಮನೆಗಳನ್ನು ಎಳೆದೊಯ್ಯಲು ಬಂದವರಿಗೆ ಜನರು ಸಣ್ಣ ದೋಣಿಗಳಲ್ಲಿ ಕುಳಿತು ಅಡ್ಡಗಟ್ಟಿದರು. ಈ ವ್ಯಾಜ್ಯಕ್ಕೆ ‘ದೋಣಿಮನೆ ಯುದ್ಧ’ ಎಂದೇ ಹೆಸರಾಯಿತು.

ಯುದ್ಧ ಕೊನೆಗೆ ಸಂಧಿಯಲ್ಲಿ ಮುಗಿಯಿತು. ಕ್ರಮವಾದ ಕಾಲುದಾರಿಗಳಾದುವು, ಕುಡಿಯುವ ನೀರು, ವಿದ್ಯುತ್ತು, ಒಳಚರಂಡಿ ಮೂರೂ ಬಗ್ಗುವ ಕೊಳವೆಗಳಲ್ಲಿಯೂ ತಂತಿಗಳಲ್ಲಿಯೂ ಮನೆಗಳಿಗೆ ಬಂದುವು. ಈಗಿನ ಎಷ್ಟೋ ಮನೆಗಳಿಗೆ ಕಾಂಕ್ರೀಟಿನ ಟೊಳ್ಳು ತಳ. ಸಮುದ್ರದ ಭರತ ಬಂದಾಗ ಮನೆ ಮೇಲೇಳುತ್ತದೆ, ಇಳಿತದಲ್ಲಿ ಕೆಲವು ಕೆಸರಿನ ಮೇಲೆ ಕೂರುತ್ತವೆ. ಹೊಲಸು ನಿಂತಿತು, ಬೆಲೆ ಏರಿತು. ಹಣವಿಲ್ಲದವರು ಕಸದಿಂದ ಕಟ್ಟಿದ ಊರಿನಲ್ಲಿ ಈಗ ಹತ್ತು ಲಕ್ಷ ಡಾಲರಿಗೂ ಮೀರಿ ಮಾರಾಟವಾಗುವ ಮನೆಗಳಿವೆ.

ಆಚೆಯ ಲಂಗರಿನ ದೋಣಿಗಳವರಿಗೆ ಈ ಸಂಧಿ ದಕ್ಕಲಿಲ್ಲ. ಕೊಲ್ಲಿಯ ತಳದಲ್ಲಿ ಈಲ್‌ಗ್ರಾಸ್ ಎಂಬ ಕಡಲಹುಲ್ಲು ಬೆಳೆಯುತ್ತದೆ. ಹೆರಿಂಗ್ ಮೀನುಗಳು ಮೊಟ್ಟೆಯಿಡುವುದು ಅದರ ಮೇಲೆ. ಗಾಳಿಗೂ ಪ್ರವಾಹಕ್ಕೂ ದೋಣಿ ಸುತ್ತಿದಂತೆಲ್ಲ ಲಂಗರಿನ ಸರಪಳಿ ಆ ಹುಲ್ಲನ್ನು ದುಂಡಗೆ ಕೆರೆದು ಬೋಳು ಮಾಡುತ್ತದೆ. ಜನ ವಾಸಿಸುವ ದೋಣಿಗಳು 2026ರ ಅಕ್ಟೋಬರ್ ಹೊತ್ತಿಗೆ ಅಲ್ಲಿಂದ ತೆರವಾಗಬೇಕೆಂದು 2021ರಲ್ಲಿ ಸ್ಥಳೀಯ ಸಂಸ್ಥೆಗೂ ಆಯೋಗಕ್ಕೂ ಒಪ್ಪಂದವಾಯಿತು. ದಡದಲ್ಲಿ ಬಾಡಿಗೆ ಮನೆ ಹಿಡಿಯಲು ಕೆಲವರಿಗೆ ಸಹಾಯವೂ ದೊರೆಯಿತು. ಹುಲ್ಲು ಉಳಿಯಬೇಕಾದುದು ನ್ಯಾಯ. ಆದರೆ ತನ್ನದೆನ್ನಲು ಒಂದು ಹಳೆಯ ದೋಣಿಯನ್ನುಳಿದು ಬೇರೇನೂ ಇಲ್ಲದ ವೃದ್ಧನಿಗೆ ಅದನ್ನು ಒಡೆಯುವುದನ್ನು ನೋಡುವುದೆಂದರೇನು ಎಂಬುದನ್ನು, ಸ್ವಂತ ಮನೆಯ ಗೋಡೆಗೆ ಒರಗಿ ಈ ಮಾತು ಕೇಳುವ ನಾವು ಊಹಿಸಿಕೊಳ್ಳಬೇಕು. ಅರ್ಧ ಶತಮಾನದ ಹಿಂದೆ ಕಾಲುದಾರಿಯ ಪಕ್ಕದ ಮನೆಗಳವರು ಕೇಳಿದ ಪ್ರಶ್ನೆಯನ್ನೇ ಇವನೂ ಕೇಳುತ್ತಾನೆ. ಅವರಿಗೆ ಕೊಳವೆಯೂ ಕಾಲುದಾರಿಯೂ ಉತ್ತರವಾಗಿ ಬಂದುವು. ಇವನಿಗೆ ಬಂದುದು ಒಂದು ತಾರೀಖು.

ಈ ಮಧ್ಯೆ ಸಮುದ್ರದ ಮಟ್ಟ ಏರುತ್ತಿದೆ. ಚಳಿಗಾಲದ ಮಹಾಭರತದ ದಿನಗಳಲ್ಲಿ ರಿಚರ್ಡ್ಸನ್ ಕೊಲ್ಲಿಯ ನೀರು ದಡದ ರಸ್ತೆಗಳಿಗೂ ಕಾರು ನಿಲ್ಲಿಸುವ ಬಯಲುಗಳಿಗೂ ನುಗ್ಗುತ್ತದೆ. ಆಗ ತೇಲುವ ಮನೆ ನೀರಿನೊಡನೆ ತಾನೂ ಎದ್ದು, ಒಳಗೆ ಒಂದು ಹನಿಯೂ ಬೀಳದಂತೆ ಕ್ಷೇಮವಾಗಿರುತ್ತದೆ. ಯಜಮಾನ ಮಾತ್ರ ಕೆಲಸಕ್ಕೆ ಹೊರಟವನು ಬೂಟುಗಳನ್ನು ಕೈಯಲ್ಲಿ ಹಿಡಿದು ಮೊಳಕಾಲುದ್ದ ನೀರಿನಲ್ಲಿ ಹಾಯಬೇಕಾಗುತ್ತದೆ. ನೀರಿನ ಮೇಲೆ ಮನೆ ಮಾಡಿದವನಿಗೂ ದಾರಿ ನೆಲದ ಮೇಲೆಯೇ. ದಡದವನ ನೆಲವನ್ನಾದರೋ ನೀರು ಕೇಳುತ್ತಿದೆ. ಒಬ್ಬರನ್ನು ಬಿಟ್ಟು ಒಬ್ಬರು ಇರಲಾರರೆಂಬುದನ್ನು ಆ ಭರತದ ದಿನಗಳು ವರ್ಷಕ್ಕೊಮ್ಮೆ ಬಂದು ನೆನಪು ಮಾಡಿ ಹೋಗುತ್ತವೆ.