ಗೆಲವಿಲ್ಲದ ಆಟ
(ಬಾನುಲಿ ಭಾಷಣ)

ಆಟವೆಂದರೆ ಗೆಲ್ಲುವುದಕ್ಕಾಗಿ ಆಡುವಂಥದು ಎಂಬುದು ಲೋಕರೂಢಿ. ಗುಡಿಯ ಹಾಸುಗಲ್ಲಿನ ಮೇಲೆ ಕೊರೆದ ಚೌಕಾಬಾರದ ಮನೆಗಳಿಂದ ಹಿಡಿದು, ಇಂದಿನ ಹುಡುಗರ ಕೈಯಲ್ಲಿರುವ ಮೊಬೈಲಿನ ಆಟಗಳವರೆಗೆ ಈ ರೂಢಿ ಬದಲಾಗಿಲ್ಲ. ಆದರೆ ನಮ್ಮ ಹಿರಿಯರು ಆಟಕ್ಕೆ ಗೆಲವಿನ ಜೊತೆಗೆ ಒಂದು ಅರ್ಥವನ್ನೂ ಕೊಟ್ಟಿದ್ದರು. ಪರಮಪದ ಸೋಪಾನಪಟವನ್ನು ನೆನೆಯಿರಿ. ಅಲ್ಲಿ ಏಣಿಯೆಂದರೆ ಪುಣ್ಯ, ಹಾವೆಂದರೆ ಪಾಪ. ದಾನ ಮಾಡಿದವನು ಏರುತ್ತಾನೆ, ಮತ್ಸರಕ್ಕೆ ಬಿದ್ದವನು ಜಾರುತ್ತಾನೆ. ಈ ಪಟವೇ 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲಿಯ ನೀತಿಯ ಬಣ್ಣ ಬಳಿದುಕೊಂಡು, ಮಕ್ಕಳ ಹಾವು-ಏಣಿ ಆಟವಾಗಿ ಮರಳಿ ಬಂತು. ಪೂರ್ವವಾಗಲಿ ಪಶ್ಚಿಮವಾಗಲಿ, ಆ ಪಟದ ಲೆಕ್ಕ ಮಾತ್ರ ಒಂದೇ: ಬಿದ್ದವನು ಏನೋ ತಪ್ಪು ಮಾಡಿರಲೇಬೇಕು.

ಈ ಲೆಕ್ಕ ಪಟದ ಮೇಲೆ ಇರುವವರೆಗೆ ಚೆನ್ನು. ಅದು ಪಟದಿಂದ ಇಳಿದು, ಕಾಯಿಲೆ ಬಿದ್ದ ಮಗುವಿನ ಹಾಸಿಗೆಯ ಬಳಿಗೆ ಬಂದು ನಿಂತಾಗ ಏನಾಗುತ್ತದೆ? ಈ ಪ್ರಶ್ನೆಯನ್ನು ಎತ್ತುವ ಒಂದು ವಿಡಿಯೋ ಆಟವನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ. ಅದನ್ನು ರಚಿಸಿದವರು ಅಮೆರಿಕದ ಕ್ರೈಸ್ತ ದಂಪತಿಗಳು, ರಯನ್ ಗ್ರೀನ್ ಮತ್ತು ಏಮಿ ಗ್ರೀನ್. ನಾನು ಆ ಮತದವನಲ್ಲ; ಸಾಹಿತ್ಯದ ವಿದ್ಯಾರ್ಥಿ ಮಾತ್ರ. ಆದರೆ ಕಷ್ಟಕ್ಕೆ ಮತಭೇದವಿಲ್ಲದಿರುವಾಗ, ಕಷ್ಟವನ್ನು ಎದುರಿಸಿದವರ ಮಾತನ್ನು ಕೇಳುವುದಕ್ಕೂ ಮತಭೇದ ಅಡ್ಡಿಯಾಗಬೇಕಾಗಿಲ್ಲ.

ಗ್ರೀನ್ ದಂಪತಿಗಳ ಮಗ ಜೋಯಲ್. ಒಂದು ವರ್ಷದ ಕೂಸಾಗಿರುವಾಗಲೇ ಅವನ ಮಿದುಳಿನಲ್ಲಿ ಅಪರೂಪದ, ಉಗ್ರವಾದ ಕ್ಯಾನ್ಸರ್ ಗಡ್ಡೆ ಕಾಣಿಸಿಕೊಂಡಿತು. ಹೆಚ್ಚು ಕಾಲ ಬದುಕಲಾರನೆಂದು ವೈದ್ಯರು ಹೇಳಿದ ಮಗು ಮತ್ತೆ ನಾಲ್ಕು ವರ್ಷ ಬದುಕಿತು. ಆ ನಾಲ್ಕು ವರ್ಷಗಳ ನಡುವಿನಲ್ಲಿಯೇ ತಂದೆ ತಾಯಿ ತಮ್ಮ ಗೆಳೆಯರೊಡನೆ ಸೇರಿ ಈ ಆಟವನ್ನು ಕಟ್ಟತೊಡಗಿದರು. 2014ರ ಮಾರ್ಚ್ ತಿಂಗಳಲ್ಲಿ ಜೋಯಲ್ ತೀರಿಕೊಂಡ. ಆಗ ಅವನಿಗೆ ಐದು ವರ್ಷ. 2016ರ ಜನವರಿಯಲ್ಲಿ, ಅವನ ಹುಟ್ಟಿದ ದಿನದಂದೇ, ಆಟ ಪ್ರಕಟವಾಯಿತು. ಅದರ ಹೆಸರು ‘ದಟ್ ಡ್ರ್ಯಾಗನ್, ಕ್ಯಾನ್ಸರ್’. ಡ್ರ್ಯಾಗನ್ ಎಂಬುದಕ್ಕೆ ನಮ್ಮ ಕನ್ನಡ ಬೈಬಲ್ಲಿನ ಅನುವಾದಕರು ಬಳಸಿದ ಸೊಗಸಾದ ಮಾತು ‘ಘಟಸರ್ಪ’. ‘ಆ ಘಟಸರ್ಪ, ಕ್ಯಾನ್ಸರ್’ ಎನ್ನೋಣ. ಮುಂದಿನ ವರ್ಷ, ಅಂದರೆ 2017ರಲ್ಲಿ, ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಇದರ ಹೊಸತನಕ್ಕಾಗಿ ಪ್ರಶಸ್ತಿಯನ್ನು ನೀಡಿತು.

ಮಗುವಿನ ಸಾವನ್ನು ಆಟವಾಗಿ ಮಾಡುವುದೇ? ಹೀಗೆಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಆದರೆ ಕನ್ನಡಿಗರಾದ ನಮಗೆ ಈ ಸಂಕೋಚ ಬೇಕಿಲ್ಲ. ನಮ್ಮಲ್ಲಿ ‘ಆಟ’ ಎಂಬ ಶಬ್ದದ ಹರವು ದೊಡ್ಡದು. ಬಯಲಾಟ, ದೊಡ್ಡಾಟ, ಸಣ್ಣಾಟ ಎಂದೇ ನಾವು ಕರೆಯುತ್ತೇವೆ. ಅವುಗಳಲ್ಲಿ ಅಭಿಮನ್ಯುವಿನ ಮರಣವನ್ನು ಬೆಳಗಿನ ಜಾವದವರೆಗೆ ಕುಳಿತು ನೋಡಿ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತೇವೆ. ನಮ್ಮ ಮಗ್ಗುಲಿನ ಬೈಲಹೊಂಗಲದ ಕೊಲೆಯ ಕಥೆಯೇ ‘ಸಂಗ್ಯಾ-ಬಾಳ್ಯಾ’ ಸಣ್ಣಾಟವಾಗಿ ಊರೂರು ತಿರುಗಿತು. ಅದನ್ನು ಆಡಿದವರೂ ನೋಡಿದವರೂ ಸಾವನ್ನು ಹಗುರಾಗಿ ಕಂಡರೆಂದು ಯಾರೂ ಹೇಳಲಾರರು. ಆಡುವುದೆಂದರೆ ನಮ್ಮವರ ಪಾಲಿಗೆ ಇನ್ನೊಬ್ಬರ ಪಾತ್ರದೊಳಗೆ ಸ್ವಲ್ಪ ಹೊತ್ತು ಹೊಕ್ಕು ಇದ್ದುಬರುವುದು. ಗ್ರೀನ್ ದಂಪತಿಗಳು ಮಾಡಿರುವುದೂ ಅದನ್ನೇ.

ಈ ಆಟದ ಹುಟ್ಟಿಗೆ ಕಾರಣವಾದದ್ದು ಆಸ್ಪತ್ರೆಯ ಒಂದು ರಾತ್ರಿ. ಮಗು ನೀರಡಿಸಿ ಅಳುತ್ತಿದೆ, ಕುಡಿಸಿದರೆ ವಾಂತಿಯಾಗುತ್ತದೆ. ತಂದೆ ಎತ್ತಿಕೊಳ್ಳುತ್ತಾನೆ, ಅಡ್ಡಾಡಿಸುತ್ತಾನೆ, ಮತ್ತೆ ಮಲಗಿಸುತ್ತಾನೆ, ಅಳು ನಿಲ್ಲುವುದಿಲ್ಲ. ಆಟದಲ್ಲಿ ಆಡುವವರು ಆ ತಂದೆಯ ಜಾಗದಲ್ಲಿ ನಿಲ್ಲಬೇಕು. ಸಾಮಾನ್ಯವಾದ ವಿಡಿಯೋ ಆಟದಲ್ಲಿ ಎಲ್ಲಿಯೋ ಒಂದು ಕೀಲಿ ಅಡಗಿರುತ್ತದೆ. ಅದನ್ನು ಹುಡುಕಿದರೆ ಬಾಗಿಲು ತೆರೆಯುತ್ತದೆ. ಇಲ್ಲಿ ಕೋಣೆಯ ಯಾವ ಮೂಲೆಯನ್ನು ತಡವಿದರೂ ಕೀಲಿ ಸಿಕ್ಕುವುದಿಲ್ಲ. ಎಲ್ಲ ಉಪಾಯಗಳೂ ತೀರಿದ ಮೇಲೆ ತಂದೆ ಕುಳಿತು ಪ್ರಾರ್ಥಿಸುತ್ತಾನೆ. ಮಗು ನಿದ್ದೆ ಹೋಗುತ್ತದೆ. ನಿದ್ದೆ ಮಾತ್ರ, ರೋಗ ವಾಸಿಯಾಗಲಿಲ್ಲ. ಆ ರಾತ್ರಿಗೆ ಎಷ್ಟು ಬೇಕೋ ಅಷ್ಟೇ ಸಿಕ್ಕಿತು.

ಇನ್ನೊಂದು ಸನ್ನಿವೇಶದಲ್ಲಿ ತಾಯಿ ತಂದೆ ಉಳಿದ ಮಕ್ಕಳಿಗೆ ತಮ್ಮನ ಕಾಯಿಲೆಯನ್ನು ಕಥೆಯಾಗಿ ಹೇಳುತ್ತಾರೆ. ಜೋಯಲ್ ಒಬ್ಬ ಪುಟ್ಟ ವೀರ, ಕ್ಯಾನ್ಸರ್ ಒಂದು ಘಟಸರ್ಪ. ಆಟದೊಳಗಿನ ಆ ಆಟದಲ್ಲಿ ನಾವು ಪುಟ್ಟ ವೀರನನ್ನು ಓಡಿಸಬಹುದು, ಹಾರಿಸಬಹುದು, ಹೊಡೆಯಿಸಬಹುದು. ಎಷ್ಟು ಹೊಡೆದರೂ ಘಟಸರ್ಪ ಸಾಯುವುದಿಲ್ಲ. ವೀರನಲ್ಲಿ ಧೈರ್ಯ ಸಾಲದ್ದರಿಂದ ಹೀಗಾಯಿತೇ? ಖಂಡಿತ ಅಲ್ಲ. ರೋಗದೊಡನೆ ಹೋರಾಡಿ ಸತ್ತವನು ಧೈರ್ಯ ಕಡಿಮೆಯಾಗಿ ಸತ್ತನೆಂದು ಹೇಳುವ ಕ್ರೌರ್ಯವನ್ನು ಈ ಆಟ ಮಾತಿಲ್ಲದೆಯೇ ತಳ್ಳಿಹಾಕುತ್ತದೆ.

ಇದರ ಹಿಂದೆ ಕ್ರೈಸ್ತ ಪರಂಪರೆಯ ಒಂದು ಹಳೆಯ ಗ್ರಂಥ ನಿಂತಿದೆ. ಅದು ಹಳೆಯ ಒಡಂಬಡಿಕೆಯ ಯೋಬನ ಕಥೆ. ರಾಘವಾಂಕನ ಹರಿಶ್ಚಂದ್ರನನ್ನು ಬಲ್ಲ ನಮಗೆ ಯೋಬ ಅಪರಿಚಿತನೇನಲ್ಲ. ಅಲ್ಲಿ ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರ ನಡುವೆ ಪಂತ; ಇಲ್ಲಿ ದೇವಸನ್ನಿಧಿಯಲ್ಲಿ ಸೈತಾನನ ಸವಾಲು. ಅಲ್ಲಿಯೂ ಇಲ್ಲಿಯೂ ಕಷ್ಟಕ್ಕೆ ಗುರಿಯಾಗುವವನು ತಪ್ಪಿತಸ್ಥನಲ್ಲ. ಅವನು ಒಳ್ಳೆಯವನಾದ್ದರಿಂದಲೇ ಪರೀಕ್ಷೆ. ಹರಿಶ್ಚಂದ್ರ ರಾಜ್ಯವನ್ನು ಕಳೆದುಕೊಂಡು ಕಾಶಿಯ ಸುಡುಗಾಡನ್ನು ಕಾಯುತ್ತಾನೆ. ಯೋಬ ದನಕರುಗಳನ್ನೂ ಏಳು ಗಂಡು ಮೂರು ಹೆಣ್ಣು ಮಕ್ಕಳನ್ನೂ ಕಳೆದುಕೊಂಡು ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂರುತ್ತಾನೆ. ಯೋಬನನ್ನು ನೋಡಲು ಬಂದ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸವೆಂದರೆ ಅದೊಂದೇ. ಬಾಯಿ ತೆರೆದೊಡನೆ ಅವರು ಪರಮಪದದ ಲೆಕ್ಕವನ್ನೇ ಹೇಳತೊಡಗಿದರು: ನೀನು ಪಾಪ ಮಾಡಿರಬೇಕು, ನೆನಪು ಮಾಡಿಕೊ. ಯೋಬ ಒಪ್ಪಲಿಲ್ಲ. ಅವನು ದೇವರೊಡನೆಯೇ ವಾದಕ್ಕೆ ನಿಂತ. ಕಡೆಯಲ್ಲಿ ದೇವರು ಗದರಿಸಿದ್ದು, ತನ್ನ ಪರವಾಗಿ ಮಾತನಾಡುತ್ತಿದ್ದೇವೆಂದು ಬಗೆದಿದ್ದ ಆ ಗೆಳೆಯರನ್ನು. ಯೋಬನ ಮಾತು ನೇರವೆಂದು ಅವನೇ ಮೆಚ್ಚಿದ.

ಹೊಸ ಒಡಂಬಡಿಕೆಯಲ್ಲಿಯೂ ಇದೇ ಮಾತು ಮುಂದುವರಿಯುತ್ತದೆ. ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಯಾರ ಪಾಪದಿಂದ ಹೀಗಾಯಿತು, ಇವನದೋ ಇವನ ಹೆತ್ತವರದೋ ಎಂದು ಕೇಳುತ್ತಾರೆ. ಇಬ್ಬರದೂ ಅಲ್ಲ ಎಂಬುದು ಯೇಸುವಿನ ಉತ್ತರ. ಗೆಳೆಯ ಲಾಜರನ ಸಮಾಧಿಯ ಬಳಿ ಯೇಸು ತಾನೇ ಅಳುತ್ತಾನೆ. ಗೆತ್ಸೆಮನೆಯ ತೋಟದಲ್ಲಿ ತನಗೆ ಒದಗಿದ ಸಂಕಟ ತಪ್ಪಲೆಂದು ಬೇಡುತ್ತಾನೆ. ಬೇಡಿದ್ದು ದೊರೆಯುವುದಿಲ್ಲ. ಆದ್ದರಿಂದ ಕಷ್ಟದಲ್ಲಿ ಅಳುವುದೂ, ಏಕೆ ಹೀಗೆಂದು ಕೇಳುವುದೂ ಭಕ್ತಿಗೆ ಕುಂದಲ್ಲ ಎಂಬುದು ಈ ಪರಂಪರೆಯ ತಿಳಿವಳಿಕೆ. ಬೈಬಲ್ಲಿನ ಕೀರ್ತನೆಗಳಲ್ಲಿ ಎಷ್ಟೋ ಭಾಗ ಸ್ತುತಿಯಲ್ಲ, ಪ್ರಲಾಪ.

ಯೋಬ ಹರಿಶ್ಚಂದ್ರರಿಬ್ಬರ ಕಥೆಯ ಕೊನೆಯಲ್ಲಿ ಕಳೆದುದು ಮರಳಿ ಬರುತ್ತದೆ. ಯೋಬನಿಗೆ ದನಕರು ಇಮ್ಮಡಿಯಾಗುತ್ತವೆ, ಮತ್ತೆ ಹತ್ತು ಮಕ್ಕಳು ಹುಟ್ಟುತ್ತಾರೆ. ಹಾವು ಕಚ್ಚಿ ಸತ್ತ ಲೋಹಿತಾಶ್ವ ವಿಶ್ವನಾಥನ ಕೃಪೆಯಿಂದ ಎದ್ದು ಕೂರುತ್ತಾನೆ. ಆದರೆ ಚಂದ್ರಮತಿ ಮಗನ ಹೆಣವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ ಆ ರಾತ್ರಿಯಲ್ಲಿ ಅವನು ಏಳುತ್ತಾನೆಂದು ಅವಳಿಗೆ ತಿಳಿದಿರಲಿಲ್ಲ. ಓದುಗರನ್ನು ತಲೆಮಾರುಗಳಿಂದ ಅಳಿಸುತ್ತ ಬಂದಿರುವುದು ಆ ಪ್ರಲಾಪ, ಕೊನೆಯ ಮಂಗಳವಲ್ಲ. ಗ್ರೀನ್ ದಂಪತಿಗಳ ಆಟ ನಿಲ್ಲುವುದೂ ಆ ಸುಡುಗಾಡಿನ ರಾತ್ರಿಯಲ್ಲಿಯೇ. ಅವರ ಜೋಯಲ್ ಏಳಲಿಲ್ಲ.

ಕನ್ನಡಕ್ಕೆ ಬಹಳ ಹಿಂದೆಯೇ ಬಂದ ಇನ್ನೊಂದು ಕ್ರೈಸ್ತ ಕೃತಿಯನ್ನು ಇಲ್ಲಿ ನೆನೆಯಬೇಕು. ಇಂಗ್ಲೆಂಡಿನ ಜಾನ್ ಬನಿಯನ್ ತನ್ನ ನಂಬಿಕೆಗಾಗಿ ಹನ್ನೆರಡು ವರ್ಷ ಸೆರೆಯಲ್ಲಿದ್ದವನು. ಅವನ ಕೃತಿ 1678ರಲ್ಲಿ ಪ್ರಕಟವಾಯಿತು. 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದ ಬಾಸೆಲ್ ಮಿಷನ್ನಿನವರ ಕಾಲದಲ್ಲಿ, 19ನೆಯ ಶತಮಾನದ ನಡುವಿನ ಹೊತ್ತಿಗೆ, ಅದು ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಿಂದ ಕನ್ನಡದಲ್ಲಿ ಅಚ್ಚಾಯಿತು. ಒಬ್ಬ ಯಾತ್ರಿಕ ಹೊರೆ ಹೊತ್ತು ಹೊರಡುತ್ತಾನೆ. ನಿರಾಶೆಯ ಕೆಸರಿನಲ್ಲಿ ಹೂಳುತ್ತಾನೆ. ಸಂದೇಹದ ಕೋಟೆಯಲ್ಲಿ ರಾಕ್ಷಸನ ಸೆರೆಯಾಗುತ್ತಾನೆ. ದೇವರ ವಾಗ್ದಾನವೆಂಬ ಕೀಲಿಯಿಂದ ಹೊರಬರುತ್ತಾನೆ. ಒಂದೊಂದು ಅಡ್ಡಿಯನ್ನು ದಾಟಿ ಮುಂದಿನ ಮನೆಗೆ ನಡೆಯುವ ಈ ಕಥೆಯ ಕಟ್ಟು ಇಂದಿನ ವಿಡಿಯೋ ಆಟಗಳ ಕಟ್ಟಿಗೆ ತೀರ ಹತ್ತಿರವಾದದ್ದು.

ಆದರೆ ಕೊನೆಯಲ್ಲಿ ಯಾತ್ರಿಕನಿಗೆ ಒಂದು ನದಿ ಎದುರಾಗುತ್ತದೆ. ಅದಕ್ಕೆ ಸೇತುವೆಯಿಲ್ಲ, ಕೀಲಿಯೂ ಇಲ್ಲ. ಅಷ್ಟು ದೂರ ಗೆದ್ದು ಬಂದವನು ನೀರಿಗಿಳಿದು ಹೆದರಿ ಮುಳುಗತೊಡಗುತ್ತಾನೆ. ಆಗ ಜೊತೆಯ ಪಯಣಿಗ ಅವನ ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿಯುತ್ತಾನೆ. ಜೊತೆಗಾರನ ಹೆಸರು ಭರವಸೆಯುಳ್ಳವನು ಎಂಬರ್ಥದ್ದು.

ಗ್ರೀನ್ ದಂಪತಿಗಳ ಆಟದಲ್ಲಿಯೂ ಹೀಗೆಯೇ ನೀರು ಬರುತ್ತದೆ. ರೋಗ ಮರುಕಳಿಸಿದೆ, ಇನ್ನು ಚಿಕಿತ್ಸೆಯಿಲ್ಲ ಎಂದು ವೈದ್ಯರು ಹೇಳುವ ಕೋಣೆಯೊಳಗೆ ಮಳೆ ಸುರಿದು ನೀರು ಏರುತ್ತದೆ. ಮುಂದೆ ಅದು ಕಡಲಾಗುತ್ತದೆ. ತಾಯಿ ದೋಣಿಯಲ್ಲಿದ್ದಾಳೆ, ಮಗು ಗುಣವಾಗುವುದೆಂಬ ಅವಳ ನಂಬಿಕೆ ಕದಲಿಲ್ಲ. ತಂದೆ ನೀರಿನ ಆಳದಲ್ಲಿದ್ದಾನೆ. ಅವನಿಗೆ ಮೇಲೆ ಬರಬೇಕೆಂಬ ಮನಸ್ಸೇ ಉಡುಗಿಹೋಗಿದೆ. ಒಂದೇ ಮನೆ, ಒಂದೇ ದೇವರು, ಒಂದೇ ಮಗು; ಆದರೂ ಗಂಡನ ದುಃಖದ ದಾರಿ ಬೇರೆ, ಹೆಂಡತಿಯದು ಬೇರೆ. ಇದರಲ್ಲಿ ಯಾರ ಭಕ್ತಿ ದೊಡ್ಡದೆಂದು ಆಟ ತೀರ್ಪು ಕೊಡುವುದಿಲ್ಲ. ಕಷ್ಟಕಾಲದಲ್ಲಿ ಒಂದೇ ಮನೆಯವರು ಒಬ್ಬರಿಗೊಬ್ಬರು ಹೊರಿಸಿಕೊಳ್ಳುವ ತಪ್ಪುಗಳನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ.

ನೀರು ಏರುವುದೆಂದರೇನೆಂದು ಮಲಪ್ರಭೆಯ ದಂಡೆಯ ನಮ್ಮ ಮುನವಳ್ಳಿಯವರಿಗೆ ಬೇರೆ ಹೇಳಬೇಕಿಲ್ಲ. 2019ರ ಆಗಸ್ಟ್ ತಿಂಗಳಿನಲ್ಲಿ ನವಿಲುತೀರ್ಥದ ಜಲಾಶಯ ತುಂಬಿ, ಹೊರಬಿಟ್ಟ ನೀರು ಹೊಳೆಯಂಚಿನ ಮನೆಗಳಿಗೆ ನುಗ್ಗಿತು. ಎಷ್ಟೋ ವರ್ಷ ಮಳೆಗಾಗಿ ಬಾಯಿ ಬಿಟ್ಟವರ ಕಾಳುಕಡಿ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ತೊಯ್ದುಹೋದವು. ಆ ದಿನಗಳಲ್ಲಿ ಎರಡು ಬಗೆಯ ಮಾತು ಕಿವಿಗೆ ಬೀಳುತ್ತಿತ್ತು. ಒಂದು, ಊರಿನಲ್ಲಿ ಪಾಪ ಹೆಚ್ಚಾಯಿತು, ಅದಕ್ಕೇ ಹೀಗಾಯಿತು ಎಂಬ ವಿವರಣೆ. ಇನ್ನೊಂದು, ರೊಟ್ಟಿಯ ಗಂಟು ತಂದಿದ್ದೇವೆ, ತಗೊಳ್ಳಿ ಎಂಬ ಕರೆ. ನೀರು ಕೆಳಗಿನ ಓಣಿಗೆ ನುಗ್ಗಿತು, ಮೇಲಿನ ಓಣಿಗೆ ನುಗ್ಗಲಿಲ್ಲ. ಪಾಪ ಪುಣ್ಯಗಳು ಓಣಿಯ ಎತ್ತರ ತಗ್ಗು ನೋಡಿ ಹಂಚಿಕೆಯಾಗಿರಲಾರವು. ವಿವರಣೆಯಿಂದ ಯಾರ ಹೊಟ್ಟೆಯೂ ತುಂಬಲಿಲ್ಲ. ರೊಟ್ಟಿಯಿಂದ ತುಂಬಿತು.

ಇಷ್ಟು ಹೇಳಿದ ಮೇಲೆ ಒಂದು ಸಂದೇಹಕ್ಕೆ ಉತ್ತರ ಹೇಳಬೇಕು. ಗೆಲವಿಲ್ಲದ ಆಟ ನಿರಾಶೆಯನ್ನು ಬೋಧಿಸುವುದಿಲ್ಲವೇ? ಇಲ್ಲವೆಂದೇ ನನಗೆ ತೋರುತ್ತದೆ. ಆಟದಲ್ಲಿ ಆಸ್ಪತ್ರೆಯ ಗೋಡೆಗಳ ಮೇಲೂ ಮೇಜುಗಳ ಮೇಲೂ ನೂರಾರು ಕಾರ್ಡುಗಳನ್ನು ಇಟ್ಟಿದ್ದಾರೆ. ಅವು ಕ್ಯಾನ್ಸರಿನಿಂದ ತಮ್ಮವರನ್ನು ಕಳೆದುಕೊಂಡ ನಿಜವಾದ ಮನುಷ್ಯರು ಬರೆದು ಕಳಿಸಿದ ಮಾತುಗಳು. ಒಂದು ಮನೆಯ ದುಃಖ ಹೀಗೆ ಹಲವು ಮನೆಗಳ ದುಃಖವನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಿದೆ. ಕಟ್ಟಕಡೆಯ ನೋಟದಲ್ಲಿ ಜೋಯಲ್ ಹಸಿರು ಬಯಲಿನಲ್ಲಿ ತನಗೆ ಪ್ರಿಯವಾದ ದೋಸೆಯಂಥ ತಿನಿಸಿನ ರಾಶಿಯ ಮುಂದೆ ಒಂದು ನಾಯಿಯೊಡನೆ ನಗುತ್ತ ಕುಳಿತಿದ್ದಾನೆ. ಮರಣದ ಆಚೆಗೂ ಬದುಕುಂಟೆಂಬ ಕ್ರೈಸ್ತರ ನಂಬಿಕೆ ಅದು. ಅದನ್ನು ಒಪ್ಪುವುದು ಬಿಡುವುದು ಅವರವರ ಮನಸ್ಸಿಗೆ ಸೇರಿದ್ದು. ಆದರೆ ಆ ನೋಟವನ್ನು ಅವರು ಗೆಲವಿನ ಬಹುಮಾನವಾಗಿ ಕೊಟ್ಟಿಲ್ಲವೆಂಬುದನ್ನು ಗಮನಿಸಬೇಕು. ಚೆನ್ನಾಗಿ ಆಡಿದವನಿಗೂ ತಪ್ಪಿ ಆಡಿದವನಿಗೂ ಅದು ಸಮಾನವಾಗಿ ದೊರೆಯುತ್ತದೆ. ಕ್ರೈಸ್ತರು ಕೃಪೆಯೆಂದು ಕರೆಯುವುದು ಇಂಥದನ್ನೇ. ನಮ್ಮ ಶರಣರೂ ದಾಸರೂ ಕರುಣೆಯೆಂದು ಕರೆದದ್ದು ಇದರಿಂದ ಬಹಳ ದೂರದ್ದಲ್ಲ.

ನಮ್ಮ ಭಾಗದಿಂದ ಎಷ್ಟೋ ತಂದೆ ತಾಯಿಗಳು ಕಾಯಿಲೆಯ ಮಕ್ಕಳನ್ನು ಎತ್ತಿಕೊಂಡು ಹುಬ್ಬಳ್ಳಿಗೆ, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ ಬರುತ್ತಾರೆ. ಇಂದು ಎಷ್ಟೋ ಮಕ್ಕಳು ಗುಣವಾಗಿ ಮನೆಗೆ ಮರಳುತ್ತಾರೆಂಬುದು ವೈದ್ಯಶಾಸ್ತ್ರದ ದೊಡ್ಡ ಸಾಧನೆ. ಆದ್ದರಿಂದ ಚಿಕಿತ್ಸೆಯ ಬಾಗಿಲು ತೆರೆದಿರುವವರೆಗೆ ಅದನ್ನು ಬಡಿಯಲೇಬೇಕು. ಕೆಲವರು ಬರಿಗೈಯಲ್ಲಿ ಮರಳುತ್ತಾರೆ. ಅಂಥವರ ಮನೆಗೆ ಹೋದಾಗ ಯಾವ ಜನ್ಮದ ಕರ್ಮವೋ ಎಂಬ ಮಾತು ನಮ್ಮ ನಾಲಗೆಯ ತುದಿಯವರೆಗೆ ಬರುತ್ತದೆ. ಅದನ್ನು ನುಂಗಿಕೊಳ್ಳೋಣ. ಯೋಬನ ಗೆಳೆಯರು ಮೊದಲ ಏಳು ದಿನ ಮಾಡಿದ್ದನ್ನು ಮಾಡೋಣ: ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅವರು ಕುಳಿತ ಚಾಪೆಯ ಮೇಲೆ ಅವರ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳೋಣ.