ಪಡಸಾಲೆಯಲ್ಲಿ ಅಮೆರಿಕದ ಎಂಜಿನು



ಈ ಹೊತ್ತು ನಾವು ಮಾತನಾಡಲಿರುವುದು ಆಟದ ರೈಲನ್ನು ಕುರಿತು. ಆಟವೆಂದೊಡನೆ ಇದು ಮಕ್ಕಳ ಪಾಲಿನದೆಂದು ತಿಳಿದು ಯಾರೂ ಬಾನುಲಿಯ ಕಿವಿ ಹಿಂಡಬಾರದೆಂದು ಪ್ರಾರ್ಥನೆ. ಹಳಿಯ ಅಗಲ, ಏರಿನ ಪ್ರಮಾಣ, ತಿರುವಿನ ತ್ರಿಜ್ಯ ಇವನ್ನೆಲ್ಲ ದೊಡ್ಡ ರೈಲಿನ ಎಂಜಿನಿಯರನು ಹೇಗೆ ಗಣಿಸುವನೋ ಹಾಗೆಯೇ ಗಣಿಸಿ, ಮನೆಯೊಳಗೆ ಹಾದಿ ಹಾಸಿ, ಕಾಲಗರ್ಭಕ್ಕೆ ಸೇರಿದ ಎಂಜಿನುಗಳ ಪ್ರತಿರೂಪಗಳನ್ನು ಅದರ ಮೇಲೆ ಓಡಿಸುವ ಹವ್ಯಾಸವೊಂದುಂಟು. ಅದು ನರೆಗೂದಲಿನವರ ಹವ್ಯಾಸ. ಇದರ ಸೊಬಗನ್ನು ಕಣ್ಣಾರೆ ಕಾಣಬೇಕೆಂಬುವರು ಪುಣೆಯ ಕೋಥ್ರೂಡಿನಲ್ಲಿ 1998ರಲ್ಲಿ ತೆರೆದ ಜೋಶಿಯವರ ಕಿರುರೈಲು ಸಂಗ್ರಹಾಲಯಕ್ಕೆ ಹೋಗಬಹುದು. ಘಟಪ್ರಭಾ ನಿಲ್ದಾಣದವರಿಗೆ ಅದು ಮಿರಜಿನ ಮೇಲೆ ಹಾದು ಹೋಗುವ ನೇರವಾದ ದಾರಿ.

ಈ ಹವ್ಯಾಸಿಗಳಿಗೆ ಅಮೆರಿಕದ ಹಳೆಯ ಎಂಜಿನುಗಳ ಮೇಲೆ ವಿಶೇಷವಾದ ಮೋಹ. 1869ನೆಯ ಮೇ 10ರಂದು ಪ್ರೊಮಾಂಟರಿಯೆಂಬಲ್ಲಿ ಪೂರ್ವ ಪಶ್ಚಿಮಗಳ ಹಳಿಗಳು ಕೂಡಿದಾಗ ಮೂತಿಗೆ ಮೂತಿ ತಾಗಿಸಿ ನಿಂತ ಎರಡು ಪುಟ್ಟ ಎಂಜಿನುಗಳನ್ನು ಕೆಲವರು ಓಡಿಸುವರು. ಮತ್ತೆ ಕೆಲವರಿಗೆ ‘ಬಿಗ್ ಬಾಯ್’ ಎಂಬ ದೈತ್ಯವೇ ಬೇಕು. ಯೂನಿಯನ್ ಪೆಸಿಫಿಕ್ ಕಂಪೆನಿಗಾಗಿ 1941ರಿಂದ 1944ರ ವರೆಗೆ 25 ಮಾತ್ರ ತಯಾರಾದ ಈ ಎಂಜಿನು ತನ್ನ ನೀರುಗಾಡಿಯೊಡನೆ 132 ಅಡಿಗಳಿಗೂ ಉದ್ದ. 87ರಲ್ಲಿ ಒಂದು ಪಾಲಿಗೆ ಇಳಿಸಿದರೂ ಅದು ಹದಿನೆಂಟು ಅಂಗುಲ ಚಾಚುತ್ತದೆ. ಮನೆಯ ಇಕ್ಕಟ್ಟಿನ ತಿರುವಿನಲ್ಲಿ ಅದರ ಮೂತಿ ಹಳಿಯಿಂದ ಬಹುದೂರ ಹೊರಗೆ ಬಾಗಿ, ಪಕ್ಕದಲ್ಲಿಟ್ಟ ಸಿಗ್ನಲ್ ಕಂಬವನ್ನು ಕೆಡವಿ ಮುಂದೆ ಸಾಗುತ್ತದೆ. ಪಡಸಾಲೆಗೆ ಆನೆಯನ್ನು ಕರೆತರುವವರ ಧೈರ್ಯವನ್ನು ನಾವು ಮೆಚ್ಚುವೆವು, ಅನುಕರಿಸಿರೆಂದು ಹೇಳಲಾರೆವು.

ಆದರೆ ಅಮೆರಿಕದ ಎಂಜಿನನ್ನು ಬಯಸುವ ಬೆಳಗಾವಿ ಸೀಮೆಯವನು ಅಷ್ಟು ದೂರ ಅಲೆಯಬೇಕಾದುದಿಲ್ಲ. ಅದು ಅವನ ಮನೆಯ ಬಾಗಿಲಿಗೇ ಬಂದಿತ್ತು. ಈ ಮಾತನ್ನು ಸ್ವಲ್ಪ ವಿವರಿಸಬೇಕು.

ಗೋಕಾವಿ, ಮೂಡಲಗಿ, ಹುಕ್ಕೇರಿ ಈ ಮೂರು ಊರುಗಳ ಒಂದು ವಿಚಿತ್ರವೇನೆಂದರೆ, ರೈಲು ಮೂರಕ್ಕೂ ಸಮೀಪ, ಮೂರರ ಒಳಕ್ಕೂ ಬಂದುದಿಲ್ಲ. ಸದರ್ನ್ ಮರಾಠಾ ರೈಲ್ವೆಯವರು 1880ರ ದಶಕದಲ್ಲಿ ಲೋಂಡೆಯಿಂದ ಮಿರಜಿಗೆ ಹಾಸಿದ ಹಾದಿಯು ಪಾಚ್ಛಾಪುರ, ಗೋಕಾಕ ರೋಡ್, ಘಟಪ್ರಭಾ ನಿಲ್ದಾಣಗಳನ್ನು ಮುಟ್ಟಿ ಉತ್ತರಕ್ಕೆ ಹೋಯಿತು. ಊರಿನವರು ಬಂಡಿ ಕಟ್ಟಿಕೊಂಡು, ಮುಂದೆ ಮೋಟಾರಿನಲ್ಲಿ ಕುಳಿತು, ರೈಲನ್ನು ಎದುರುಗೊಳ್ಳಲು ಹೋಗಬೇಕಾಯಿತು. ಹಾದಿ ಮೀಟರ್ ಗೇಜಿನದು. ಎರಡು ಹಳಿಗಳ ನಡುವೆ ಸರಿಯಾಗಿ 1000 ಮಿಲಿಮೀಟರು. ಕಂಪೆನಿಯ ಹೆಸರು 1908ರಲ್ಲಿ ಬದಲಾಯಿತು, 1951ರಲ್ಲಿ ದಕ್ಷಿಣ ರೈಲ್ವೆಯಾಯಿತು, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆಯಾಯಿತು, 2003ರಲ್ಲಿ ಹುಬ್ಬಳ್ಳಿಯೇ ಕೇಂದ್ರವಾದ ನೈಋತ್ಯ ರೈಲ್ವೆಯಾಯಿತು. ಹೆಸರು ಹೋದರೂ ಗೇಜು ನೂರು ವರ್ಷಗಳ ಕಾಲ ಉಳಿದಿತ್ತು. 1990ರ ದಶಕದಲ್ಲಿ ಅದೂ ಹೋಯಿತು. ಹಳಿಗಳನ್ನು ಕಿತ್ತು 1676 ಮಿಲಿಮೀಟರಿನ ಅಗಲ ಹಾದಿ ಹಾಸಿದರು. ಹಳೆಯ ಹಾದಿಯ ಗಾಡಿಗಳೂ ಎಂಜಿನುಗಳೂ ಅಲ್ಲಿಗೆ ನಿರುಪಯೋಗವಾದವು.

ಹಾಗೆ ನಿರುಪಯೋಗವಾದ ಎಂಜಿನುಗಳಲ್ಲಿ ಒಂದು ವೈ.ಡಿ.ಎಂ.-4. ಈ ಹಾದಿಯ ಮೀಟರ್ ಗೇಜಿನ ಕಡೆಗಾಲದಲ್ಲಿ ಗಾಡಿಗಳನ್ನೆಳೆದುದು ಇದೇ ಡೀಸೆಲ್ ಎಂಜಿನು. ಇದರ ತವರು ನ್ಯೂಯಾರ್ಕ್ ಸಂಸ್ಥಾನದ ಸ್ಕೆನೆಕ್ಟಡಿ. ಬಿಗ್ ಬಾಯ್ ಹುಟ್ಟಿದ ಆಲ್ಕೋ ಕಾರ್ಖಾನೆಯೇ. 1960ರ ದಶಕದ ಮೊದಲಲ್ಲಿ ಅಲ್ಲಿಂದ ಹಡಗೇರಿ ಬಂದಿತು. 1968ರಿಂದ ವಾರಾಣಸಿಯ ಕಾರ್ಖಾನೆಯು ಅದನ್ನು ತಾನೇ ನಿರ್ಮಿಸತೊಡಗಿತು. ಮರುವರ್ಷ, 1969ರಲ್ಲಿ, ತಾಯಿಯಾದ ಆಲ್ಕೋ ಕಂಪೆನಿ ಬಾಗಿಲು ಮುಚ್ಚಿತು. ಮಗಳು ಮಾತ್ರ ಗಂಗೆಯ ದಂಡೆಯಲ್ಲಿ ಸಂತತಿಯನ್ನು ಬೆಳೆಸಿದಳು. ಉಗಿ ಎಂಜಿನುಗಳಲ್ಲಿಯೂ ಈ ಸಂಬಂಧವುಂಟು: ಮೀಟರ್ ಗೇಜಿನ ಪ್ರಯಾಣಿಕ ಗಾಡಿಗಳಿಗೆಂದು ರೂಪಿಸಿದ ವೈ.ಪಿ. ವರ್ಗದ ಮೊದಲ 20 ಎಂಜಿನುಗಳು 1949ರ ಸುಮಾರಿಗೆ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಬಂದವು. ಅಗಲ ಹಾದಿ ಬಂದ ಮೇಲೂ ನಂಟು ಕಡಿಯಲಿಲ್ಲ. ಅಮೆರಿಕದ ಜನರಲ್ ಮೋಟಾರ್ಸಿನಿಂದ 1999ರ ಸುಮಾರಿಗೆ ಬಂದ 4000 ಅಶ್ವಶಕ್ತಿಯ ಎಂಜಿನುಗಳು ಮೊದಲು ಮನೆಮಾಡಿದುದು ಹುಬ್ಬಳ್ಳಿಯ ಶೆಡ್ಡಿನಲ್ಲಿಯೇ.

ಈಗ ಮನೆಯ ರೈಲಿಗೆ ಬರೋಣ. ಹವ್ಯಾಸಿಯ ಮೊದಲನೆಯ ಸಂಕಟ ಅಳತೆಯದು. ಅಂಗಡಿಯಲ್ಲಿ ಸುಲಭವಾಗಿ ದೊರೆಯುವುದು 87ರಲ್ಲಿ ಒಂದು ಪಾಲಿನ ರೈಲು. ಅದರ ಹಳಿಯ ಅಗಲ 16.5 ಮಿಲಿಮೀಟರು. ಅಮೆರಿಕ ಯೂರೋಪುಗಳ 1435 ಮಿಲಿಮೀಟರಿನ ಗೇಜಿಗೆ ಅದು ಸರಿ. ನಮ್ಮ ಅಗಲ ಹಾದಿಗೆ 19 ಮಿಲಿಮೀಟರಿಗೂ ಮೇಲೆ ಬೇಕು. ಮೀಟರ್ ಗೇಜಿಗಾದರೋ ಹನ್ನೊಂದೂವರೆ ಸಾಕು. ಎಂದರೆ ನಮ್ಮ ಎರಡು ಹಾದಿಗಳಲ್ಲಿ ಯಾವುದಕ್ಕೂ ಅದು ಹೊಂದದು. ಆದರೆ ಜರ್ಮನಿಯ ಲೇಮನ್ ಕಂಪೆನಿಯವರು 1968ರಲ್ಲಿ ಎಲ್.ಜಿ.ಬಿ. ಎಂಬ ಹೆಸರಿನಲ್ಲಿ ದೊಡ್ಡ ಅಳತೆಯ ರೈಲೊಂದನ್ನು ಹೊರತಂದರು. ಅದರ ಹಳಿ 45 ಮಿಲಿಮೀಟರು. ಪ್ರಮಾಣ ಇಪ್ಪತ್ತೆರಡೂವರೆಯಲ್ಲಿ ಒಂದು. ಗುಣಿಸಿ ನೋಡಿರಿ: ಸಾವಿರ ಮಿಲಿಮೀಟರಿಗೆ ಹನ್ನೆರಡು ಹೆಚ್ಚು, ಅಷ್ಟೆ. ಘಟಪ್ರಭೆಯ ಹಳೆಯ ಹಾದಿಯೇ ಪಡಸಾಲೆಗೆ ಬಂದಂತಾಯಿತು!

ಎಂಜಿನಿನ ಮಾತೇನು? ಇಲ್ಲಿಯೇ ಈ ಕಥೆಯ ಸ್ವಾರಸ್ಯವಿರುವುದು. ಆಲ್ಕೋದವರ ಪಟ್ಟಿಯಲ್ಲಿ ನಮ್ಮ ವೈ.ಡಿ.ಎಂ.-4ರ ಹೆಸರು ಡಿ.ಎಲ್.535. ಅದೇ ವಂಶದ ಇನ್ನೊಂದು ಕುಡಿ ಅಲಾಸ್ಕಾದ ಸ್ಕಾಗ್ವೇ ಬಂದರಿನಿಂದ ಕೆನಡಾದ ಕಡೆಗೆ ಹಿಮದ ಬೆಟ್ಟವನ್ನೇರುವ ವೈಟ್ ಪಾಸ್ ರೈಲಿಗೆ 1969ರಿಂದ ಸೇವೆ ಸಲ್ಲಿಸಿತು. ಆ ವೈಟ್ ಪಾಸ್ ಎಂಜಿನಿನ ಪ್ರತಿರೂಪವನ್ನು ಎಲ್.ಜಿ.ಬಿ.ಯವರು ತಯಾರಿಸಿದ್ದಾರೆ. ಅಲಾಸ್ಕಾದ್ದು ಮೂರಡಿಯ ಗೇಜು. 45 ಮಿಲಿಮೀಟರಿನ ಹಳಿ ಅದಕ್ಕೆ ತುಸು ಅಗಲವಾಯಿತು. ಯಾರಿಗಾಗಿ ತಯಾರಿಸಿದರೋ ಅವರಿಗೆ ಸಡಿಲ, ಯಾರನ್ನು ನೆನೆಯಲೇ ಇಲ್ಲವೋ ಅವರಿಗೆ ಅಚ್ಚುಕಟ್ಟು. ಹಿಮದ ನಾಡಿನ ಎಂಜಿನಿಗೆ ಮೈಬಣ್ಣ ಬದಲಿಸಿ, ಅಮೆರಿಕದ ಕೊಂಡಿಯನ್ನು ಬಿಚ್ಚಿ, ನಮ್ಮ ಮೀಟರ್ ಗೇಜಿನಲ್ಲಿದ್ದಂತೆ ನಡುವೆ ಒಂದೇ ಬಫರನ್ನು ಕೂರಿಸಿದರೆ, ಅದು ಪೂರ್ತಿ ವೈ.ಡಿ.ಎಂ.-4 ಆಗದಿದ್ದರೂ ದಾಯಾದಿಯೆಂದು ಗುರುತು ಹಿಡಿಯುವಷ್ಟು ಹೋಲಿಕೆ ಬರುತ್ತದೆ. ಮೂಲದ ಮಾದರಿಯನ್ನು ಕೆಡಿಸಕೂಡದೆಂದು ವಾದಿಸುವ ಶುದ್ಧವಾದಿಗಳು ಉಂಟು. ಅವರು ಅಲಾಸ್ಕಾವನ್ನೇ ಕಟ್ಟಿಕೊಳ್ಳಲಿ; ನಮ್ಮ ಮನಸ್ಸು ಗೋಕಾಕ ರೋಡಿನಲ್ಲಿದೆ.

ಕಟ್ಟುವವನು ತಿಳಿಯಬೇಕಾದ ಲೆಕ್ಕಗಳು ಕೆಲವಿವೆ. ಈ ಪ್ರಮಾಣದಲ್ಲಿ ಒಂದು ಮೈಲಿಯು ಸುಮಾರು 235 ಅಡಿಯಾಗುತ್ತದೆ. ಅಂಥ ಪಡಸಾಲೆ ವಾಡೆಯ ದೇಸಾಯರಿಗೂ ಇದ್ದಂತಿಲ್ಲ. 60 ಅಡಿಗೆ ಮೀರಿದ ಪ್ರಯಾಣಿಕರ ಡಬ್ಬಿ ಎರಡಡಿ ಎಂಟಂಗುಲವನ್ನು ಮೀರೀತು. ಹತ್ತು ಡಬ್ಬಿಗಳ ಗಾಡಿ ಮನೆಯ ಮುಂಬಾಗಿಲಿನಿಂದ ಹಿತ್ತಲಿಗೆ ಮುಟ್ಟೀತು. ಆದುದರಿಂದ ಮೂರು ಡಬ್ಬಿಗಳಿಗೆ ತೃಪ್ತಿಪಡಬೇಕು. ಗೋಕಾವಿಯೆಂದ ಮೇಲೆ ಜಲಪಾತವಿಲ್ಲದಿದ್ದರೆ ಹೇಗೆಂದು ಮನೆಯವರು ಕೇಳಿಯಾರು. 52 ಮೀಟರಿನ ಧುಮ್ಮಿಕ್ಕುವ ನೀರು ಅಳತೆಗಿಳಿಸಿದರೂ ಏಳೂವರೆ ಅಡಿ. 201 ಮೀಟರಿನ ತೂಗುಸೇತುವೆ 29 ಅಡಿ. ಹೇಗೂ ಜಲಪಾತವು ರೈಲಿನ ಹಾದಿಯಿಂದ ದೂರದಲ್ಲಿದೆ. ಗೋಡೆಯ ಮೇಲೊಂದು ಚಿತ್ರ ಬರೆಯಿಸಿದರೆ ಸಾಕು. ತಿರುವಿನ ತ್ರಿಜ್ಯ ನಾಲ್ಕಡಿಗೆ ಕಡಿಮೆಯಿರದಿದ್ದರೆ ಆರು ಅಚ್ಚುಗಳ ಎಂಜಿನು ಸುಖವಾಗಿ ಹೊರಳುತ್ತದೆ. ಒಂದು ಹಾದಿಯ ಮೇಲೆ ಇನ್ನೊಂದು ಹಾದುಹೋಗಬೇಕಾದರೆ ಒಂಬತ್ತಂಗುಲ ಏರಬೇಕು. ನೂರಕ್ಕೆ ಮೂರರ ಏರಿನಲ್ಲಿ ಅದಕ್ಕೆ 25 ಅಡಿ ಓಟ ಬೇಕು. ಇನ್ನು ವೇಗ. ಗಂಟೆಗೆ 60 ಕಿಲೋಮೀಟರೆಂದರೆ ಇಲ್ಲಿ ಸೆಕೆಂಡಿಗೆ 74 ಸೆಂಟಿಮೀಟರು ಮಾತ್ರ. ಹೊಸಬರೆಲ್ಲರೂ ಇದರ ಎರಡು ಮೂರರಷ್ಟು ವೇಗದಲ್ಲಿ ಓಡಿಸುವರು. ಆಗಲೇ ಅದು ನಿಜವಾಗಿ ಆಟಿಕೆಯಾಗುವುದು.

ಮಾಳಿಗೆಯ ಮೇಲೆ ಹಾಸುವವರು ಬಿಸಿಲನ್ನು ಮರೆಯಬಾರದು. 20 ಅಡಿ ಉದ್ದದ ಹಿತ್ತಾಳೆಯ ಹಳಿ ಬೆಳಗಿನಿಂದ ನಡುಹಗಲಿಗೆ 30 ಡಿಗ್ರಿ ಕಾದರೆ ಮೂರು ಮಿಲಿಮೀಟರಿಗೂ ಮಿಕ್ಕು ಹಿಗ್ಗುತ್ತದೆ. ಕೀಲುಗಳಲ್ಲಿ ಸಂದು ಬಿಡದಿದ್ದರೆ ಹಾದಿ ಹಾವಿನಂತೆ ಹೊರಳುವುದು. ದೊಡ್ಡ ರೈಲಿನ ಗ್ಯಾಂಗಿನವರಿಗೆ ಇದೇನೂ ಹೊಸ ವಿದ್ಯೆಯಲ್ಲ. ವಿದ್ಯುತ್ತು ಹಳಿಗಳ ಮೂಲಕವೇ ಎಂಜಿನಿಗೆ ಏರುವುದರಿಂದ, ಧೂಳು ಕುಳಿತ ಕಡೆಯಲ್ಲಿ ಗಾಡಿ ನಿಂತುಬಿಡುತ್ತದೆ. ಹತ್ತಿಯ ಬಟ್ಟೆಯಿಂದ ಹಳಿ ಒರೆಸುವುದೇ ಈ ಹವ್ಯಾಸದ ನಿತ್ಯಕರ್ಮ. ಗೋಕಾವಿಯ ಗಿರಣಿಯನ್ನು 1887ರಲ್ಲಿಯೇ ನೀರಿನ ಬಲ ತಿರುಗಿಸಿತ್ತು. ಹುಕ್ಕೇರಿಯವರಿಗೆ 1969ರಲ್ಲಿ ಹುಟ್ಟಿದ ತಮ್ಮದೇ ವಿದ್ಯುತ್ ಸಹಕಾರಿ ಸಂಘವಿದೆ. ಇಂಥ ಸೀಮೆಯಲ್ಲಿ ಪುಟ್ಟ ಎಂಜಿನೊಂದಕ್ಕೆ ಬೇಕಾದ 18 ವೋಲ್ಟಿಗೆ ಬರವಿಲ್ಲ.

ಇವೆಲ್ಲಕ್ಕಿಂತ ಹೆಚ್ಚಿನದೊಂದು ಅನುಕೂಲ ಗೋಕಾವಿಗೆ ಉಂಟು. ಹಗುರವಾದ ಮರವನ್ನು ಕಡೆದು, ಬಣ್ಣ ಹಚ್ಚಿ, ಹಣ್ಣುಕಾಯಿಗಳನ್ನೂ ಗೊಂಬೆಗಳನ್ನೂ ನಿಜದ ವಸ್ತುವೆಂದು ಕಣ್ಣು ಮೋಸಹೋಗುವಂತೆ ಮಾಡುವ ಕುಶಲಿಗಳ ಮನೆತನಗಳು ಅಲ್ಲಿವೆ. ಎಂಜಿನು ಜರ್ಮನಿಯಿಂದ ಬಂದರೆ ಬರಲಿ. ನಿಲ್ದಾಣದ ಕಟ್ಟಡ, ಕೆಂಪು ಪೇಟದ ಹಮಾಲ, ಬೆಲ್ಲದ ಪೆಂಟೆ, ಮೂಡಲಗಿಯ ಕಡೆಯ ಕಬ್ಬಿನ ಗಾಡಿ, ಅದರ ಜೋಡೆತ್ತು ಇವನ್ನು ಆ ಕೈಗಳೇ ಮಾಡಬೇಕು. ಹೊರದೇಶದ ಅಚ್ಚಿನಲ್ಲಿ ಎರಕ ಹೊಯ್ದ ಟೋಪಿಯ ದೊರೆಗಳನ್ನು ಘಟಪ್ರಭಾ ನಿಲ್ದಾಣದಲ್ಲಿ ನಿಲ್ಲಿಸಿದರೆ ಯಾರಿಗೆ ತಾನೆ ನಂಬಿಕೆ ಹುಟ್ಟೀತು? ಗೊಂಬೆಗಾರರಿಗೆ ಇದೊಂದು ಹೊಸ ಗಿರಾಕಿಯೂ ಆದೀತು. ಆ ಕಸುಬಿಗೆ ಗಿರಾಕಿ ಬೇಕಾಗಿದೆ.

ಧ್ವನಿಯನ್ನೂ ಸೇರಿಸಬಹುದು. ಆಲ್ಕೋ ಎಂಜಿನು ನಿಂತಲ್ಲಿ ಗೊರಗುಟ್ಟುವ ಬಗೆ, ಹೊರಡುವಾಗ ಒಮ್ಮೆಲೆ ಕಪ್ಪು ಹೊಗೆಯುಗುಳಿ ಗಂಟಲೇರಿಸುವ ಬಗೆ ಬೇರೆ ಯಾವುದಕ್ಕೂ ಇಲ್ಲ. ಅದನ್ನು ಮುದ್ರಿಸಿ ಎಂಜಿನಿನ ಹೊಟ್ಟೆಯಲ್ಲಿಯೇ ಅಡಗಿಸುವ ಕಿರುಯಂತ್ರಗಳು ಈಗ ದೊರೆಯುತ್ತವೆ. ಆದರೆ ದೊರೆಯದಿರುವ ಸಾಮಗ್ರಿಯೂ ಉಂಟು. ಹಳೆಯ ಗೋಕಾಕ ರೋಡಿನ ಪ್ಲಾಟ್‌ಫಾರ್ಮು ಹಳಿಯ ಮಟ್ಟದಿಂದ ಎಷ್ಟು ಎತ್ತರದಲ್ಲಿದ್ದಿತು? ನೀರಿನ ತೊಟ್ಟಿ ಯಾವ ದಿಕ್ಕಿಗೆ? ಪಾಚ್ಛಾಪುರದ ಸಿಗ್ನಲಿನ ಕೈ ಯಾವ ಬಣ್ಣಕ್ಕೆ ಮಾಸಿದ್ದಿತು? ಮಿರಜಿನ ಗಾಡಿಯನ್ನು ಹೊರಡಿಸುವಾಗ ಡ್ರೈವರನು ಎಷ್ಟು ಸಲ ಸೀಟಿ ಹಾಕುತ್ತಿದ್ದನು? ಅಂಗಡಿಯಲ್ಲಿ ಇವಕ್ಕೆ ಉತ್ತರವಿಲ್ಲ. ಆ ಎಂಜಿನನ್ನು ಓಡಿಸಿದವರೂ, ಹಸಿರು ಬಾವುಟ ಬೀಸಿದವರೂ, ಗಾಡಿ ಹಿಡಿಯಲು ಹಿಟ್ಟಿನ ಗಂಟು ಹೊತ್ತು ಓಡಿದ ವಿದ್ಯಾರ್ಥಿಗಳೂ ಇಂದು ಮುಪ್ಪಿನವರು. ಅವರನ್ನು ಕೂರಿಸಿ ಕೇಳುವ ಕೆಲಸ ಹಳಿ ಕೊಳ್ಳುವುದಕ್ಕಿಂತ ಮೊದಲು ಆಗಬೇಕು. ಮನೆಯ ಪೆಟ್ಟಿಗೆಯಲ್ಲಿ ಮದುವೆಯ ದಿಬ್ಬಣದವರು ನಿಲ್ದಾಣದಲ್ಲಿ ನಿಂತು ತೆಗೆಸಿದ ಚಿತ್ರವೇನಾದರೂ ಇದ್ದರೆ, ಮದುಮಕ್ಕಳ ಹಿಂದೆ ಏನು ಕಾಣುತ್ತದೆಂಬುದನ್ನು ಭೂತಗನ್ನಡಿ ಹಿಡಿದು ನೋಡಿರಿ. ಹಿಂಬದಿಯಲ್ಲಿ ವರ್ಷವನ್ನೂ ನಿಲ್ದಾಣದ ಹೆಸರನ್ನೂ ಬರೆದಿಡಿರಿ.